ಡಕ್ಟ್ ಎಲ್ಲಿದೆ ಹೇಳಿ, ಆಮೇಲೆ ಫೋಮ್ ಮಾತು

ಅಮೆರಿಕದ ಅರಿಜೋನಾದ ಫೀನಿಕ್ಸ್ ಕಡೆಯ ಬೇಸಿಗೆ ಕರೆಂಟ್ ಬಿಲ್ ಬಗ್ಗೆ ಹೋದ ತಿಂಗಳು ಇಲ್ಲಿ ನಾಲ್ಕು ಸಾಲು ಬರೆದಿದ್ದೇ ತಪ್ಪಾಯ್ತು ನೋಡಿ, ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಸ್ಪ್ರೇ ಫೋಮ್ (ಗನ್‌ನಲ್ಲಿ ಹೊಡೆದು ಉಬ್ಬಿಸೋ, ಶಾಖ ತಡೆಯೋ ನೊರೆ) ಬಗ್ಗೇನೇ. ಹಾಗಾಗಿ ಈ ಸಲ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದೀನಿ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳಿದ್ರು, ಅದಕ್ಕೆ ಊರು ಮಾತ್ರ ಕೊಟ್ಟಿದೀನಿ.

ಪ್ರಶ್ನೆ: ನಮ್ದು 2004ರಲ್ಲಿ ಕಟ್ಟಿದ ಮನೆ, 2000 ಚದರಡಿ, ಒಂದೇ ಫ್ಲೋರು, ಟೈಲ್ ರೂಫು, 4 ಟನ್ ಎಸಿ. ಸಾಯಂಕಾಲ ನಾಲ್ಕಾದ್ರೆ ಎಸಿ ನಿಲ್ಲೋದೇ ಇಲ್ಲ. ಫೋಮ್‌ನವನು ಬಂದು ಅಟಿಕ್ (ಸೀಲಿಂಗ್‌ಗೂ ರೂಫ್‌ಗೂ ನಡುವಿನ ಅಟ್ಟ) ಪೂರ್ತಿ ಹೊಡೆಸಿಬಿಡಿ, ಬಿಲ್ ಅರ್ಧ ಆಗುತ್ತೆ ಅಂದ. ನಂಬಬಹುದಾ ಸರ್? (ಚಾಂಡ್ಲರ್)

ಉತ್ತರ: ಬಿಲ್ ಅರ್ಧ ಆಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ಮೊದ್ಲು ಒಂದೇ ಒಂದು ಪ್ರಶ್ನೆ ಕೇಳಿ, ನಮ್ಮನೆ ಡಕ್ಟ್ (ಎಸಿ ಗಾಳಿ ಹೋಗೋ ಕೊಳವೆ) ಎಲ್ಲಿದೆ ನೋಡಿದ್ರಾ ಅಂತ. ಅಟಿಕ್ ಹತ್ತದೇ ಕೋಟ್ ಕೊಟ್ಟಿದ್ರೆ ಆ ಕಾಗದ ಮಡಚಿ ಡ್ರಾಯರ್‌ಗೆ ಹಾಕಿ.

ಈ ಕಡೆ ಮನೆಗಳಿಗೆ ಬೇಸ್‌ಮೆಂಟ್ ಇರೋದು ತೀರಾ ಕಮ್ಮಿ, ನೆಲಕ್ಕೆ ಕಾಂಕ್ರೀಟ್ ಹಾಕಿ ಅದರ ಮೇಲೇ ಗೋಡೆ ಎಬ್ಬಿಸಿಬಿಡ್ತಾರೆ, ಹಂಗಾಗಿ ತಣ್ಣನೆ ಗಾಳಿ ಹೋಗೋ ಡಕ್ಟ್ ಎಲ್ಲಾ ಅಟಿಕ್‌ನಲ್ಲಿ, ಎಷ್ಟೋ ಮನೇಲಿ ಗಾಳಿ ತಣ್ಣಗೆ ಮಾಡಿ ಊದೋ ಏರ್ ಹ್ಯಾಂಡ್ಲರ್ ಕೂಡ ಅಲ್ಲೇ. ಒಂದು ಜುಲೈ ಮಧ್ಯಾಹ್ನ ಮೂರೂವರೆಗೆ ನಾನು ಅಡುಗೆಮನೆ ಥರ್ಮಾಮೀಟರ್ ಹಿಡ್ಕೊಂಡು ನಮ್ಮ ಅಟಿಕ್ ಹತ್ತಿದ್ದೆ, 143 ಡಿಗ್ರಿ ಫ್ಯಾರನ್‌ಹೀಟ್ ತೋರಿಸ್ತು, ಅಂದ್ರೆ ನಮ್ಮ ಲೆಕ್ಕದಲ್ಲಿ 62 ಸೆಲ್ಸಿಯಸ್ ಹತ್ರ. ಕನ್ನಡಕದ ಕಡ್ಡಿ ಕಿವಿ ಹಿಂದೆ ಚುರುಕ್ ಅಂತು, ನಾಲ್ಕು ನಿಮಿಷ ಇರೋಕಾಗ್ಲಿಲ್ಲ, ಇಳಿದು ಬಂದೆ. (ನೀವು ಹತ್ತೋದಾದ್ರೆ ಬೆಳಿಗ್ಗೆ ಆರಕ್ಕೆ ಹತ್ತಿ, ನನ್ನ ಥರ ಹುಚ್ಚಾಟ ಬೇಡ.) ಆ ಬಿಸಿ ಮಧ್ಯೆ ಬೆಳ್ಳಿ ಬಣ್ಣದ ಡಕ್ಟ್ ಹೆಬ್ಬಾವಿನ ಥರ ಮಲಗಿತ್ತು, ಒಳಗಡೆ 55 ಡಿಗ್ರಿ ಫ್ಯಾರನ್‌ಹೀಟ್ ಗಾಳಿ ಓಡ್ತಿತ್ತು. ಮಡಕೆ ನೀರನ್ನ ಉರಿಯೋ ಒಲೆ ಒಳಗಿಂದ ಹಾಯಿಸಿ ಕುಡಿಯೋ ಹಾಗೆ.

ಈಗ ಸ್ವಲ್ಪ ಲೆಕ್ಕ. ಶಾಖ ಎಷ್ಟು ಇಳಿಯುತ್ತೆ ಅಂದ್ರೆ ಚದರಡಿ ಗುಣಿಸು ಬಿಸಿ ವ್ಯತ್ಯಾಸ, ಭಾಗಿಸು ಆರ್ ವ್ಯಾಲ್ಯೂ (ಶಾಖ ಎಷ್ಟು ತಡೆಯುತ್ತೆ ಅನ್ನೋ ಅಂಕಿ, ಜಾಸ್ತಿ ಇದ್ದಷ್ಟೂ ಒಳ್ಳೇದು). ಫ್ಯಾರನ್‌ಹೀಟ್‌ನಲ್ಲಿ ಅಟಿಕ್ 140, ಮನೆ 78 ಅಂದ್ರೆ ವ್ಯತ್ಯಾಸ 62. ನಿಮ್ಮ 2000 ಚದರಡಿ ಸೀಲಿಂಗ್ ಮೇಲೆ ಈಗ ಆರ್-19 ಮಾತ್ರ ಇದೆ ಅಂತಾನೇ ಇಟ್ಕೊಳ್ಳಿ, ಗಂಟೆಗೆ ಸುಮಾರು 6500 ಬಿಟಿಯು (ಶಾಖ ಅಳೆಯೋ ಲೆಕ್ಕ) ಇಳಿಯುತ್ತೆ. ಆರ್-38 ಮಾಡಿಸಿದ್ರೆ 3250 ಚಿಲ್ಲರೆ. ಎಸಿ ಭಾಷೇಲಿ ಒಂದು ಟನ್ ಅಂದ್ರೆ 12,000 ಬಿಟಿಯು, ಅಂದ್ರೆ ಸೀಲಿಂಗ್ ಇನ್ಸುಲೇಷನ್ ಡಬಲ್ ಮಾಡಿದ್ರೂ ಉಳಿಯೋದು ಕಾಲು ಟನ್ ಅಷ್ಟೇ. ಈಗ ಡಕ್ಟ್ ಕಡೆ ನೋಡಿ. ಸಾಧಾರಣ ಮನೆಗಳಲ್ಲಿ ಡಕ್ಟ್‌ನಲ್ಲಿ ಹೋಗೋ ಗಾಳೀಲಿ ನೂರಕ್ಕೆ 20ರಿಂದ 30 ಜಾಯಿಂಟ್‌ಗಳಲ್ಲಿ ಸೋರಿ ಹೋಗುತ್ತೆ ಅನ್ನೋದು ಅಮೆರಿಕ ಸರ್ಕಾರದ ಎನರ್ಜಿ ಸ್ಟಾರ್‌ನವರೇ ಹೇಳೋ ಮಾತು. ನಿಮ್ಮ 4 ಟನ್‌ಗೆ ನೂರಕ್ಕೆ 20 ಅಂತ ಹಿಡಿದ್ರೂ 9600 ಬಿಟಿಯು, ಮುಕ್ಕಾಲು ಟನ್‌ಗೂ ಜಾಸ್ತಿ! ನೀವು ದುಡ್ಡು ಕೊಟ್ಟು ತಣ್ಣಗೆ ಮಾಡಿದ ಗಾಳಿ ಟೈಲ್ ಕೆಳಗಿರೋ ಪಾರಿವಾಳಕ್ಕೆ ಹೋಗ್ತಿದೆ.

ಫೋಮ್ ಯಾಕೆ ಕೆಲಸ ಮಾಡುತ್ತೆ ಅಂದ್ರೆ ಇದಕ್ಕೇ. ಅದನ್ನ ಸೀಲಿಂಗ್ ಮೇಲೆ ಹೊಡೆಯಲ್ಲ, ರೂಫ್ ಡೆಕ್‌ನ (ಟೈಲ್ ಕೆಳಗಿನ ಮರದ ಹಲಗೆಯ) ಒಳಮೈಗೆ ಹೊಡೀತಾರೆ, ಗಾಳಿ ಆಡೋಕೆ ಬಿಟ್ಟ ಸೂರಿನ ಕೆಳಗಿನ ವೆಂಟು, ಬದಿ ಗೋಡೆ ತ್ರಿಕೋನದಲ್ಲಿರೋ ಗೇಬಲ್ ವೆಂಟು ಎಲ್ಲಾ ಮುಚ್ಚಿಬಿಡ್ತಾರೆ, ಅಟಿಕ್ ಅನ್ನೋದು ಮನೆ ಒಳಗಡೆಯ ಜಾಗ ಆಗುತ್ತೆ. ಮನೆಗಿಂತ ಹತ್ತು ಡಿಗ್ರಿ ಆಸುಪಾಸು ಜಾಸ್ತಿ ಇರುತ್ತೆ ಅಷ್ಟೇ. ಡಕ್ಟ್ ಸೋರಿದ್ರೂ ಮನೆ ಒಳಗೇ ಸೋರುತ್ತೆ. ಅಂದ್ರೆ ಫೋಮ್‌ನ ನಿಜವಾದ ಲಾಭ ಡಕ್ಟ್ ಮನೆಯೊಳಗೆ ಬಂದಿದ್ದು. ಮಹಡಿ ಮನೆಯವರ ಡಕ್ಟ್ ಎರಡು ಫ್ಲೋರ್ ಮಧ್ಯೆ ಓಡ್ತಿದ್ರೆ ಅವರಿಗೆ ಈ ಖರ್ಚಿಗೆ ಅರ್ಥ ಇಲ್ಲ.

ನಿಮ್ಮ ಜಾಗದಲ್ಲಿ ನಾನಿದ್ರೆ ಮೊದ್ಲು ಡಕ್ಟ್ ಟೆಸ್ಟ್ ಮಾಡಿಸಿ, ಜಾಯಿಂಟ್‌ಗೆಲ್ಲಾ ಮ್ಯಾಸ್ಟಿಕ್ ಅನ್ನೋ ಅಂಟು ಪೇಸ್ಟ್ ಬಳಿಸ್ತೀನಿ (ಡಕ್ಟ್ ಟೇಪ್ ಅಂತ ಮಾರ್ತಾರಲ್ಲ ಬೂದು ಬಣ್ಣದ ಬಟ್ಟೆ ಟೇಪು, ಅದು ಡಕ್ಟ್‌ಗೆ ಅಂಟಿ ನಿಲ್ಲಲ್ಲ, ಹೆಸರು ಮಾತ್ರ ದೊಡ್ಡದು), ಸೀಲಿಂಗ್ ಲೈಟ್ ಸುತ್ತ, ಗೋಡೆ ತಲೆ ಹತ್ರ ಇರೋ ಸಂದು ಮುಚ್ಚಿಸಿ, ಮೇಲೆ ಶಾಖ ತಡೆಯೋ ಸೆಲ್ಯುಲೋಸ್ ಇಲ್ಲಾ ಫೈಬರ್‌ಗ್ಲಾಸ್ ಊದಿಸ್ತೀನಿ. ಫೋಮ್ ಮುಂದೆ ಅದರ ರೇಟು ಏನೂ ಅಲ್ಲ. ಒಂದು ಬೇಸಿಗೆ ನೋಡಿ. ಆಮೇಲೂ ಎಸಿ ನಿಲ್ಲದಿದ್ರೆ, ಇಲ್ಲಾ ಹೆಂಗೂ ರೂಫ್ ಬಿಚ್ಚಿಸೋ ಕಾಲ ಬಂದಿದ್ರೆ, ಆಗ ಫೋಮ್ ಯೋಚನೆ ಮಾಡಿ. 2004ರ ಟೈಲ್ ಮನೆ ಅಂತೀರ, ಟೈಲ್ ನೂರು ವರ್ಷ ಇದ್ರೂ ಅದರ ಕೆಳಗಿನ ಅಂಡರ್‌ಲೇಮೆಂಟ್ (ನೀರು ತಡೆಯೋ ಹಾಳೆ) ಈ ಬಿಸಿಲಲ್ಲಿ 20-25 ವರ್ಷಕ್ಕೆ ಚಕ್ಕೆ ಏಳುತ್ತೆ. ಅದನ್ನ ಮೊದ್ಲು ಚೆಕ್ ಮಾಡಿಸಿ, ಫೋಮ್ ಹೊಡೆಸಿದ ಮೇಲೆ ಸೋರೋದು ಎಲ್ಲಿಂದ ಅಂತ ಹುಡುಕೋದು ಕಷ್ಟ.

ಪ್ರಶ್ನೆ: ಒಬ್ಬ ಓಪನ್ ಸೆಲ್ ಅಂತಾನೆ, ಒಬ್ಬ ಕ್ಲೋಸ್ಡ್ ಸೆಲ್ ಅಂತಾನೆ. ಆರ್-20 ಹೊಡೆದ್ರೆ ಆರ್-38 ಹಾಕಿದಷ್ಟೇ ಅಂತಾನೂ ಹೇಳ್ತಾರೆ, ಇದೆಂಥ ಗಣಿತ? (ಗಿಲ್ಬರ್ಟ್)

ಉತ್ತರ: ಓಪನ್ ಸೆಲ್ ಅಂದ್ರೆ ಸ್ಪಂಜು, ಬೆರಳಲ್ಲಿ ಒತ್ತಿದ್ರೆ ಒಳಗೆ ಹೋಗುತ್ತೆ, ಇಂಚಿಗೆ ಆರ್ 3.5ರಿಂದ 3.8. ಕ್ಲೋಸ್ಡ್ ಸೆಲ್ ಉಗುರಲ್ಲಿ ಕೆರೆದ್ರೂ ಬರಲ್ಲ, ಇಂಚಿಗೆ 6ರ ಮೇಲೆ, ನೀರಿನ ಆವೀನೂ ಸುಲಭಕ್ಕೆ ದಾಟಲ್ಲ, ರೇಟು ಮಾತ್ರ ಕೈ ಸುಡುತ್ತೆ. ಚಳಿ ಊರಲ್ಲಿ ಮರಕ್ಕೆ ಆವಿ ಕೂರುತ್ತೆ ಅನ್ನೋ ಭಯಕ್ಕೆ ಕ್ಲೋಸ್ಡ್ ಸೆಲ್ ಬೇಕಾಗುತ್ತೆ, ಈ ಒಣ ಊರಲ್ಲಿ ಆ ಭಯ ಕಮ್ಮಿ, ಅಟಿಕ್‌ಗೆ ಓಪನ್ ಸೆಲ್ ಸಾಕು ಅನ್ನೋದು ನನ್ನ ಅಭಿಪ್ರಾಯ. ಕ್ಲೋಸ್ಡ್ ಸೆಲ್ಲೇ ಬೇಕು ಅಂದ್ರೆ ಫೋಮ್ ಉಬ್ಬಿಸೋಕೆ ಹಾಕೋ ಗ್ಯಾಸ್ ಯಾವುದು ಅಂತ ಕೇಳಿ, ಹಳೇ ಎಚ್‌ಎಫ್‌ಸಿ ಗ್ಯಾಸು ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟು ಭೂಮಿ ಬಿಸಿ ಮಾಡೋದು, ಈಗಿನ ಎಚ್‌ಎಫ್‌ಒ ಥರದ್ದು ಆ ಮಟ್ಟಿಗಿಲ್ಲ.

ಆರ್-20 ಅಂದ್ರೆ ಆರ್-20ನೇ, ಗಾಯತ್ರಿ ಜಪ ಮಾಡಿದ್ರೂ 38 ಆಗಲ್ಲ. ಆದ್ರೆ ಅವರು ಪೂರ್ತಿ ಸುಳ್ಳೂ ಹೇಳ್ತಿಲ್ಲ, ಗಾಳಿ ಸೋರೋದು ನಿಂತು ಡಕ್ಟ್ ಒಳಗೆ ಬಂತು ಅಂದ್ರೆ ಒಟ್ಟು ಮನೆ ಲೆಕ್ಕದಲ್ಲಿ ಅದು ಸರಿದೂಗಬಹುದು. ಅವರು ಹೇಳದೇ ಬಿಡೋದು ಏನಂದ್ರೆ, ಇಳಿಜಾರು ರೂಫಿನ ಮೈ ಸೀಲಿಂಗ್‌ಗಿಂತ ದೊಡ್ಡದು, ಬದಿ ಗೋಡೆ ತ್ರಿಕೋನ ಬೇರೆ ಸೇರುತ್ತೆ, ಜೊತೆಗೆ ಡೆಕ್ಕು ಅಟಿಕ್ ಗಾಳಿಗಿಂತ ಬಿಸಿ. ನಿಮ್ಮ ಊರಿನ ಬಿಲ್ಡಿಂಗ್ ಆಫೀಸಲ್ಲಿ ಯಾವ ವರ್ಷದ ಕೋಡ್ ನಡೀತಿದೆ ಕೇಳಿ, 2018ರ ಎನರ್ಜಿ ಕೋಡಲ್ಲಿ ಈ ಹವಾಮಾನಕ್ಕೆ ಸೀಲಿಂಗ್‌ಗೆ ಆರ್-38 ಇತ್ತು, 2021ರದ್ರಲ್ಲಿ 49 ಮಾಡಿದಾರೆ. ಅದಕ್ಕಿಂತ ಕಮ್ಮಿ ಹೊಡೀತೀನಿ ಅನ್ನೋನು ಪರ್ಮಿಟ್ ಹೆಂಗೆ ತಗೋತಾನೆ ಅಂತ ಬರಹದಲ್ಲಿ ಕೊಡ್ಲಿ. ಇನ್ನೊಂದು, ರೂಫ್ ಹೊರೋ ಮರದ ಟ್ರಸ್ ಮೂರೂವರೆ ಇಂಚು ಇದ್ರೆ ಅದರ ಮಟ್ಟಕ್ಕೆ ನಿಲ್ಸೋಕೆ ಬಿಡ್ಬೇಡಿ, ಮರದ ಮುಖಾನೂ ಮುಚ್ಚೋ ಹಾಗೆ ಹೊಡೀಬೇಕು, ಇಲ್ಲಾಂದ್ರೆ ಶಾಖ ಮರದ ಮೂಲಕವೇ ಇಳಿಯುತ್ತೆ.

ಪ್ರಶ್ನೆ: ಫೋಮ್ ಹೊಡೆಸಿ ಆರು ವಾರ ಆಯ್ತು. ಬಿಸಿಲೇರಿದ್ರೆ ಮನೆಯೆಲ್ಲಾ ಮೀನಿನ ವಾಸನೆ. ಅತ್ತೆ ಊರಿಂದ ಬಂದಿದಾರೆ, ದಿನಾ ಬೆಳಿಗ್ಗೆ ಪಕ್ಕದ್ಮನೆ ಕಡೆ ಮೂಗು ಮುಚ್ಕೊಂಡು ನೋಡ್ತಾರೆ. ಕಾಂಟ್ರ್ಯಾಕ್ಟರ್ ಎಲ್ಲಾ ನಾರ್ಮಲ್ ಮೇಡಂ, ಕಿಟಕಿ ತೆಗೀರಿ ಅಂತಾನೆ. (ಮೆಸಾ)

ಉತ್ತರ: ಮೇಡಂ, ಪಕ್ಕದ್ಮನೆಯವರ ತಪ್ಪಿಲ್ಲ ಅಂತ ಅತ್ತೆಯವರಿಗೆ ಮೊದ್ಲು ಹೇಳಿಬಿಡಿ. ಇದು ನಾರ್ಮಲ್ ಅಲ್ಲ.

ಫೋಮ್ ಅನ್ನೋದು ಡಬ್ಬೀಲಿ ಬರಲ್ಲ, ನಿಮ್ಮನೆ ಅಟಿಕ್‌ನಲ್ಲೇ ತಯಾರಾಗೋದು. ಲಾರೀಲಿ ಎರಡು ಡ್ರಮ್ ಇರುತ್ತೆ, ಒಂದ್ರಲ್ಲಿ ಐಸೋಸಯನೇಟು, ಇನ್ನೊಂದ್ರಲ್ಲಿ ಪಾಲಿಯಾಲ್ ರೆಸಿನ್ನು, ಎರಡೂ ಬಿಸಿ ಪೈಪಲ್ಲಿ ಬಂದು ಗನ್ ಬಾಯಲ್ಲಿ ಸರಿಸಮ ಸೇರ್ಬೇಕು. ಒಂದು ಕಡೆ ಪ್ರೆಷರ್ ಬಿತ್ತು, ಬಿಸಿ ಹೆಚ್ಚುಕಮ್ಮಿ ಆಯ್ತು, ಇಲ್ಲಾ ಅವಸರಕ್ಕೆ ಒಂದೇ ಸಲ ದಪ್ಪ ಹೊಡೆದ್ರು ಅಂದ್ರೆ ದೋಸೆ ಹಿಟ್ಟು ಸರಿಯಾಗಿ ಹುದುಗದ ಹಾಗೆ, ಒಳಗೆ ಹಸಿಬಿಸಿ ಉಳಿದುಬಿಡುತ್ತೆ. ಆ ರೆಸಿನ್ ಕಡೆಯ ಅಮೀನ್ ಅನ್ನೋ ಕೆಮಿಕಲ್ಲು ಮೀನಿನ ವಾಸನೇನೇ ಕೊಡೋದು, ಬಿಸಿಲೇರಿದಷ್ಟೂ ಜಾಸ್ತಿ. ನೀವು ಬೆಳಿಗ್ಗೆ ಬೇಗ ಹತ್ತಿ ನೋಡಿ, ಎಲ್ಲಾದ್ರೂ ಬಣ್ಣ ಕಡು ಆಗಿದ್ಯಾ, ಅಂಟಂಟಾಗಿದ್ಯಾ, ಇಲ್ಲಾ ಗಾಜಿನ ಥರ ಪುಡಿಪುಡಿ ಆಗ್ತಿದ್ಯಾ, ಮರದಿಂದ ಬಿಟ್ಟುಕೊಂಡು ಸಂದು ಕಾಣ್ತಿದ್ಯಾ. ಫೋಟೋ ತೆಗೀರಿ. ಕಾಂಟ್ರ್ಯಾಕ್ಟರ್‌ಗೆ ಫೋನ್ ಮಾಡ್ಬೇಡಿ, ಇಮೇಲ್ ಬರೀರಿ, ಯಾವ ದಿನ, ಯಾವ ಬ್ಯಾಚ್ ನಂಬರ್, ಮೆಷಿನ್ ಪ್ರೆಷರ್ ಎಷ್ಟಿತ್ತು ಅಂತ ಅವತ್ತಿನ ಕೆಲಸದ ದಾಖಲೆ ಕೇಳಿ, ಫೋಮ್ ತಯಾರಿಸಿದ ಕಂಪನಿಗೂ ಕಾಪಿ ಹಾಕಿ. ಕೆಟ್ಟ ಜಾಗ ಕೆತ್ತಿ ತೆಗೆದು ಹೊಸದಾಗಿ ಹೊಡೀಬೇಕು, ಮೇಲೆ ಪೇಂಟ್ ಬಳಿದು ಮುಚ್ತೀನಿ ಅಂದ್ರೆ ಒಪ್ಕೋಬೇಡಿ.

ನಿಮ್ಮನೇಲಿ ಯಾರಿಗಾದ್ರೂ ಉಬ್ಬಸ ಇದ್ರೆ, ಕೆಮ್ಮು, ಕಣ್ಣುರಿ ಶುರುವಾಗಿದ್ರೆ ಇದು ಬಗೆಹರಿಯೋವರೆಗೂ ಬೇರೆ ಕಡೆ ಇರಿ, ಡಾಕ್ಟರಿಗೂ ಫೋಮ್ ವಿಷಯ ಹೇಳಿ. ಹೊಡೆಸೋ ಮುಂಚೆ ಇರೋ ಬಾಕಿ ಓದುಗರಿಗೆ: ಐಸೋಸಯನೇಟ್ ಒಂದು ಸಲ ಮೈಗೆ ಒಗ್ಗದೇ ಹೋದ್ರೆ ಆಮೇಲೆ ಚೂರು ಸೋಕಿದ್ರೂ ಉಬ್ಬಸ ಬರಬಹುದು. ಹೊಡೆಯೋ ದಿನ ಮನೇಲಿ ಯಾರೂ ಇರಬಾರ್ದು, ನಾಯಿ, ಬೆಕ್ಕೂನೂ, ಆಮೇಲೂ ಸಾಮಾನ್ಯವಾಗಿ 24 ಗಂಟೆ ಹೊರಗಿರಿ ಅಂತಾರೆ. ನಾನಂತೂ ಎರಡು ರಾತ್ರಿ ಗೆಳೆಯರ ಮನೇಲಿದ್ದೆ, ಕಾರ್ಡ್ಸ್ ಆಡಿದ್ವಿ.

ಪ್ರಶ್ನೆ: ಮನೆ ಅಷ್ಟು ಬಿಗಿ ಮಾಡಿದ್ರೆ ಉಸಿರು ಕಟ್ಟಲ್ವಾ? (ಪಿಯೋರಿಯಾ)

ಉತ್ತರ: ಉಸಿರು ಕಟ್ಟಲ್ಲ, ಒಗ್ಗರಣೆ ಕಟ್ಟುತ್ತೆ! ನಮ್ಮ ಮನೆಗಳಲ್ಲಿ ಇದು ತಮಾಷೆ ಅಲ್ಲ, ಬ್ಯಾಡಗಿ ಮೆಣಸಿನಕಾಯಿ ಹುರಿದ ದಿನ ಗೊತ್ತಾಗುತ್ತೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಒಲೆ ಮೇಲಿನ ಹುಡ್ ಹೊಗೇನ ಜಾಲರೀಲಿ ಸೋಸಿ ವಾಪಸ್ ನಿಮ್ಮ ಮುಖಕ್ಕೇ ಊದೋದು. ಫೋಮ್ ದುಡ್ಡಿನ ಜೊತೆ ಹೊರಗೆ ಹೋಗೋ ಹುಡ್‌ಗೂ ದುಡ್ಡು ಎತ್ತಿಡಿ, ಹೊಸ ಗಾಳಿ ತರೋ ಫ್ಯಾನಿಗೂ. ಬಾತ್‌ರೂಮ್ ಫ್ಯಾನಿನ ಪೈಪು ಅಟಿಕ್‌ಗೇ ಬಿಟ್ಟಿದ್ರೆ ಅದನ್ನ ರೂಫ್ ದಾಟಿಸಿ. ಅಟಿಕ್‌ನಲ್ಲಿ ಚಳಿಗಾಲಕ್ಕೆ ಮನೆ ಬಿಸಿ ಮಾಡೋ ಗ್ಯಾಸ್ ಫರ್ನೆಸ್ ಇದ್ದು ಅದು ಅಲ್ಲಿನ ಗಾಳೀನೇ ಎಳ್ಕೊಂಡು ಉರಿಯೋ ಹಳೇ ಥರದ್ದಾದ್ರೆ ವೆಂಟ್ ಮುಚ್ಚಲೇಬಾರ್ದು, ಕಾರ್ಬನ್ ಮೊನಾಕ್ಸೈಡ್ ಜೀವ ತೆಗಿಯುತ್ತೆ. ಮೊದ್ಲು ಅದನ್ನ ಬದಲಾಯಿಸಿ. ಫೋಮ್ ಪ್ಲಾಸ್ಟಿಕ್ಕು, ಬೆಂಕಿ ಹಿಡಿಯುತ್ತೆ, ಅದಕ್ಕೆ ಕೋಡ್ ಪ್ರಕಾರ ಮೇಲೆ ಬೆಂಕಿ ತಡೆಯೋ ಕೋಟಿಂಗ್ ಬೇಕಾ ಅಂತ ಇನ್‌ಸ್ಪೆಕ್ಟರನ್ನೇ ಕೇಳಿ, ಮಾರೋನನ್ನ ಅಲ್ಲ.

ಪ್ರಶ್ನೆ: ಫೆಡರಲ್ ಟ್ಯಾಕ್ಸ್ ಕ್ರೆಡಿಟ್ ಸಿಗುತ್ತಾ? (ಸ್ಕಾಟ್ಸ್‌ಡೇಲ್)

ಉತ್ತರ: ವರ್ಷಕ್ಕೆ 1200 ಡಾಲರ್‌ವರೆಗೆ ನೂರಕ್ಕೆ 30 ಸಿಗ್ತಿದ್ದ ಕ್ರೆಡಿಟ್ 2025ರ ಡಿಸೆಂಬರ್ 31ಕ್ಕೆ ಮುಗೀತು. ಈಗಲೂ ಸಿಗುತ್ತೆ ಅಂತ ಹೇಳಿ ಸಹಿ ಹಾಕಿಸ್ಕೊಳೋರು ಬಂದ್ರೆ ಬಾಗಿಲು ಹಾಕಿ. ನಿಮ್ಮ ಕರೆಂಟ್ ಕಂಪನಿ ರಿಯಾಯಿತಿ ಏನಿದೆ ಅಂತ ಅವರ ಹತ್ರಾನೇ ಕೇಳಿ.

ಪ್ರಶ್ನೆ: ಹಳೇ ಮನೆ, ಚಪ್ಪಟೆ ರೂಫು, ಮೇಲೆ ಬಿಳಿ ಫೋಮ್. ಮರಕುಟಿಗ ಬಂದು ತೂತು ಮಾಡಿದೆ, ಮಾನ್ಸೂನ್ ಹತ್ರ ಬಂತು. (ಟೂಸಾನ್)

ಉತ್ತರ: ಇದು ಒಳಗಿನ ಫೋಮ್‌ನ ಅಣ್ಣ, ಹೊರಗಡೆ ಹೊಡೆಯೋದು, ಕ್ಲೋಸ್ಡ್ ಸೆಲ್ಲು, ಕಾಲಿಟ್ರೂ ತಗ್ಗಲ್ಲ. ಇದಕ್ಕೆ ನೀರಿಗಿಂತ ದೊಡ್ಡ ಶತ್ರು ಬಿಸಿಲು. ಮೇಲಿನ ಬಿಳಿ ಕೋಟಿಂಗ್ ಹರಿದ ಕಡೆ ಫೋಮ್ ಕಿತ್ತಳೆ ಬಣ್ಣಕ್ಕೆ ತಿರುಗಿ ಕೈಯಲ್ಲಿ ಮುಟ್ಟಿದ್ರೆ ಪುಡಿ ಉದುರುತ್ತೆ, ನಿಮ್ಮದು ಆ ಹಂತಕ್ಕೆ ಬಂದಿದ್ಯಾ ನೋಡಿ. ಹಕ್ಕಿ ಮಾಡಿದ ತೂತು ಬೆರಳು ಗಾತ್ರದ್ದಾದ್ರೆ ಒಣಗಿದ ದಿನ ಪುಡಿ ಕೆರೆದು ತೆಗೆದು, ರೂಫ್‌ಗೆ ಅಂತಲೇ ಬರೋ ಪಾಲಿಯುರಿಥೇನ್ ಸೀಲೆಂಟ್ ತುಂಬಿ, ಮೇಲೆ ಕೋಟಿಂಗ್ ಬಳಿದ್ರಾಯ್ತು, ನೀವೇ ಮಾಡಬಹುದು. ಒತ್ತಿದ್ರೆ ನೀರು ಜಿನುಗುತ್ತೆ ಅಂದ್ರೆ ಮಾತ್ರ ಆ ಭಾಗ ಕತ್ತರಿಸ್ಬೇಕು. ಜೂನ್ 15ಕ್ಕೆ ಮಾನ್ಸೂನ್ ಲೆಕ್ಕ ಶುರು, ಅಷ್ಟರೊಳಗೆ ಮುಗಿಸಿ. ಹಕ್ಕಿಗೆ ನನ್ನ ಹತ್ರ ಮದ್ದಿಲ್ಲ, ಹೊಳೆಯೋ ರಿಬ್ಬನ್ ಕಟ್ಟಿ ನೋಡಿ, ಎರಡು ವಾರ ಹೆದರುತ್ತೆ.

ಪ್ರಶ್ನೆ: ಚಾಂಡ್ಲರ್‌ದಾಗ ಮಗನ ಮನ್ಯಾಗ ಆರು ತಿಂಗಳ ಇದ್ದು ಬಂದೀನ್ರಿ. ಅವನ ಮನಿ ಫೋಮ್ ಹೊಡಿಸ್ಯಾನ, ಛಲೋ ತಣ್ಣಗ ಐತಿ. ನಮ್ಮ ಆರ್‌ಸಿಸಿ ಮನಿಗೂ ಹೊಡಿಸೂಣು ಅಂತೀನಿ, ಬ್ಯಾಸಗ್ಯಾಗ ರಾತ್ರಿ ಹನ್ನೆರಡಾದ್ರೂ ಛತ್ತು ಬೆಂಕಿ ಉಗುಳತದ. (ರಾಯಚೂರು)

ಉತ್ತರ: ಅಕ್ಕಾವರೇ, ಮಗನ ಮನೆ ಮೇಲೆ ಹಗುರ ಮರದ ಹಲಗೆ, ನಿಮ್ಮದು ನಾಲ್ಕೈದು ಇಂಚು ಕಾಂಕ್ರೀಟು. ಅದು ಹಗಲೆಲ್ಲಾ ಬಿಸಿಲು ಕುಡಿದು ರಾತ್ರಿ ನಿಮ್ಮ ಮೇಲೆ ಕಕ್ಕುತ್ತೆ. ಒಳಗಿಂದ ಹೊಡೆದ್ರೆ ಸ್ಲ್ಯಾಬ್ ಬಿಸಿ ಆಗೋದು ನಿಲ್ಲಲ್ಲ, ಹಾಗಾಗಿ ನಿಮಗೆ ಏನೇ ಮಾಡಿದ್ರೂ ಛತ್ತಿನ ಮೇಲೆ ಮಾಡ್ಬೇಕು. ನಿಮ್ಮ ಕಡೆ ಹಳೇ ಮಣ್ಣಿನ ಮಾಳಿಗೆ ಮನೆಗಳು ಮೇ ತಿಂಗಳಲ್ಲೂ ತಂಪಿರೋದು ಮೇಲೆ ಅಷ್ಟು ದಪ್ಪ ಮಣ್ಣು ಇರೋದ್ರಿಂದ, ನಿಮಗೆ ಇದು ನಾನು ಹೇಳ್ಬೇಕಾಗಿಲ್ಲ. ಮತ್ತೆ ನಿಮ್ಮನೇಲಿ ಅಟಿಕ್ಕೂ ಇಲ್ಲ, ಡಕ್ಟೂ ಇಲ್ಲ, ಮಗ ದುಡ್ಡು ಹಾಕಿದ ಕಾರಣವೇ ನಿಮಗಿಲ್ಲ.

ಫೆಬ್ರವರಿ ಕೊನೇಲಿ ಛತ್ತು ಚೆನ್ನಾಗಿ ಗುಡಿಸಿ ತೊಳೆಸಿ, ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಕಲಸಿ ಎರಡು ಕೈ ಬಳಿಸಿ, ಇಲ್ಲಾ ಬಿಳಿ ಕೂಲ್ ರೂಫ್ ಪೇಂಟ್ ತಗೊಳ್ಳಿ, ಸುಣ್ಣಕ್ಕಿಂತ ಬಾಳಿಕೆ ಬರುತ್ತೆ. ಅರ್ಧ ಛತ್ತಿಗೆ ಬಳಿಸಿ ಅರ್ಧ ಬಿಟ್ಟು, ಎರಡೂ ಕೋಣೇಲಿ ರಾತ್ರಿ ಹತ್ತಕ್ಕೆ ಸ್ಟೂಲ್ ಹತ್ತಿ ಛತ್ತಿಗೆ ಅಂಗೈ ಇಟ್ಟು ನೋಡಿ. ಎಷ್ಟು ವ್ಯತ್ಯಾಸ ಆಯ್ತು ಅಂತ ಏಪ್ರಿಲ್‌ನಲ್ಲಿ ಬರೀರಿ, ಸಾಲದು ಅನ್ನಿಸಿದ್ರೆ ಛತ್ತಿನ ಮೇಲೆ ಥರ್ಮಾಕೋಲ್ ಥರದ ಗಟ್ಟಿ ಹಲಗೆ ಹಾಸಿ ಟೈಲ್ ಕೂರಿಸೋ ವಿಷಯ ಆಗ ಮಾತಾಡೋಣ.