ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಲ್ಲಿ ಯಾರು ನಿಂತರೂ ಬಿಜೆಪಿಯೇ ಯಾಕೆ ಗೆಲ್ಲುತ್ತದೆ? ಮೊದಲಿಂದಲೂ ಹೀಗೇನಾ?

ಮೊದಲಿಂದಲೂ ಹೀಗಿರಲಿಲ್ಲ. ಆದರೆ ಬಿಜೆಪಿ ಅನ್ನುವ ಪಕ್ಷ ಹುಟ್ಟುವ ಮೊದಲೇ ಈ ಕ್ಷೇತ್ರ ಕಾಂಗ್ರೆಸ್ಸಿನ ಕೈಬಿಟ್ಟಿತ್ತು. ಅದನ್ನು ಮರೆತು ಬರೀ ಜಾತಿ ಲೆಕ್ಕ ಹಾಕಲು ಕೂತರೆ ಅರ್ಧ ಕಥೆ ತಪ್ಪಿಹೋಗುತ್ತದೆ.

ನೀವು ಹುಬ್ಬಳ್ಳಿ ಕಡೆಯಿಂದ ಬಂದು ಬೊಮ್ಮನಹಳ್ಳಿಯಲ್ಲಿದ್ದೀರಿ. ಎಂಎಲ್‌ಎ ಚುನಾವಣೆಯಲ್ಲಿ ಇಲ್ಲಿ ಕಾಂಗ್ರೆಸ್ಸಿಗೂ ಸೀಟು ಬರುತ್ತದೆ, ಎಂಪಿ ಚುನಾವಣೆಯಲ್ಲಿ ಮಾತ್ರ ಯಾಕೆ ಬರುವುದಿಲ್ಲ ಅಂತ ಕೇಳಿದ್ದೀರಿ. ಊರಿನ ವೋಟನ್ನು ಇಲ್ಲಿಗೆ ಬದಲಾಯಿಸಿಕೊಳ್ಳಬೇಕಾ ಅಂತಲೂ ಕೇಳಿದ್ದೀರಿ. ನಾನು ಹನುಮಂತನಗರದವನು, ಮೇಷ್ಟ್ರಾಗಿ ನಿವೃತ್ತನಾದವನು. ಚುನಾವಣಾ ಡ್ಯೂಟಿ, ಮತದಾರರ ಪಟ್ಟಿ ಪರಿಷ್ಕರಣೆ ಅಂತ ಈ ಕ್ಷೇತ್ರದ ಬೀದಿಗಳನ್ನು ಸಾಕಷ್ಟು ಸುತ್ತಿದ್ದೇನೆ. ಉತ್ತರ ಸ್ವಲ್ಪ ಉದ್ದವಾದೀತು.

ಸ್ವಾತಂತ್ರ್ಯ ಬಂದ ಮೊದಲ ಇಪ್ಪತ್ತೈದು ವರ್ಷ ಇಲ್ಲಿ ಕಾಂಗ್ರೆಸ್ಸೇ. 1952ರಲ್ಲಿ ಟಿ. ಮಾದಯ್ಯ ಗೌಡರು, 1957 ಮತ್ತು 1962ರಲ್ಲಿ ಎಚ್.ಸಿ. ದಾಸಪ್ಪನವರು, 1967 ಮತ್ತು 1971ರಲ್ಲಿ ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು. ದಾಸಪ್ಪ, ಹನುಮಂತಯ್ಯ ಇಬ್ಬರೂ ಕೇಂದ್ರದಲ್ಲಿ ರೈಲ್ವೆ ಮಂತ್ರಿಗಳಾದವರು. ಆ ಕಾಲದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ, ದೇಶದ ಬಹುಪಾಲು ಆಗ ಹಾಗೆಯೇ ಇತ್ತು.

ತಿರುವು ಬಂದದ್ದು 1977ರಲ್ಲಿ. ತುರ್ತು ಪರಿಸ್ಥಿತಿ ಮುಗಿದು ಚುನಾವಣೆ ಬಂದಾಗ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿತು, ಕರ್ನಾಟಕದಲ್ಲಿ ಮಾತ್ರ ದೇವರಾಜ ಅರಸರ ಬಲದಿಂದ 28ರಲ್ಲಿ 26 ಸೀಟು ಗೆದ್ದಿತು. ಜನತಾ ಪಕ್ಷಕ್ಕೆ ಬಂದ ಎರಡೇ ಸೀಟುಗಳಲ್ಲಿ ಒಂದು ಹಾಸನ, ಇನ್ನೊಂದು ಬೆಂಗಳೂರು ದಕ್ಷಿಣ. ಇಲ್ಲಿ ಗೆದ್ದವರು ಕೆ.ಎಸ್. ಹೆಗ್ಡೆ. 1973ರಲ್ಲಿ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ಬದಿಗೊತ್ತಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟು ಹೊರಬಂದವರಲ್ಲಿ ಇವರೊಬ್ಬರು. ಅವರ ಎದುರು ಸೋತವರು ಹನುಮಂತಯ್ಯನವರೇ. ಹೆಗ್ಡೆಯವರು ಮುಂದೆ ಲೋಕಸಭೆಯ ಸ್ಪೀಕರ್ ಆದರು.

ಯಾಕೆ ಹೀಗಾಯಿತು? ಅರಸರ ಭೂಸುಧಾರಣೆ, ಹಿಂದುಳಿದ ವರ್ಗಗಳ ಕಾರ್ಯಕ್ರಮಗಳು ಹಳ್ಳಿಯ ಬಡವನ ಬದುಕನ್ನು ಮುಟ್ಟಿದ್ದವು. ಉಳುವವನಿಗೆ ಹೊಲ ಸಿಕ್ಕ ಕಡೆ ತುರ್ತು ಪರಿಸ್ಥಿತಿ ದೂರದ ಸುದ್ದಿ. ಬಸವನಗುಡಿ, ಜಯನಗರ, ಚಾಮರಾಜಪೇಟೆಯ ಕಡೆ ಇದ್ದವರು ಬ್ಯಾಂಕಿನವರು, ಮೇಷ್ಟ್ರುಗಳು, ವಕೀಲರು, ಸರ್ಕಾರಿ ಗುಮಾಸ್ತರು, ಕಾರ್ಖಾನೆ ನೌಕರರು. ಇವರಿಗೆ ಹಂಚಿಕೆಯಾಗುವ ಹೊಲವೂ ಇರಲಿಲ್ಲ, ಕಳೆದುಕೊಳ್ಳುವ ಜಮೀನ್ದಾರಿಕೆಯೂ ಇರಲಿಲ್ಲ. ಪತ್ರಿಕೆ ಓದುವ, ಸಭೆಗೆ ಹೋಗುವ ಜನ. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬಂಧನವಾದದ್ದು ಇದೇ ಊರಿನಲ್ಲಿ, ಇಟ್ಟದ್ದು ಇಲ್ಲಿನ ಸೆಂಟ್ರಲ್ ಜೈಲಿನಲ್ಲಿ. ನಟಿ ಸ್ನೇಹಲತಾ ರೆಡ್ಡಿ ಅದೇ ಜೈಲಿನಲ್ಲಿ ಕಾಯಿಲೆ ಜೋರಾಗಿ, ಬಿಡುಗಡೆಯಾದ ಸ್ವಲ್ಪ ದಿನಕ್ಕೆ ತೀರಿಕೊಂಡರು. ನಾನಾಗ ಹೈಸ್ಕೂಲು ಹುಡುಗ. ನ್ಯಾಷನಲ್ ಕಾಲೇಜು ಮೈದಾನದ ಸಭೆಗಳಿಗೆ ಅಪ್ಪನ ಜೊತೆ ಹೋಗುತ್ತಿದ್ದೆ. ಮೈಕಿನಲ್ಲಿ ಮಾತಾಡಿದ್ದು ಅಷ್ಟಾಗಿ ತಿಳಿಯದಿದ್ದರೂ, ವಾಪಸ್ ಬರುವಾಗ ಗಾಂಧಿ ಬಜಾರಿನ ಉದ್ದಕ್ಕೂ ದೊಡ್ಡವರು ನಿಂತು ನಿಂತು ವಾದ ಮಾಡುತ್ತಿದ್ದದ್ದು ಚೆನ್ನಾಗಿ ನೆನಪಿದೆ.

ಅಲ್ಲಿಂದ ಮುಂದಿನದನ್ನು ರಾಜ್ಯದ ಫಲಿತಾಂಶದ ಪಕ್ಕದಲ್ಲಿಟ್ಟು ನೋಡಿ. 1980ರಲ್ಲಿ ಇಂದಿರಾ ಕಾಂಗ್ರೆಸ್ ರಾಜ್ಯದಲ್ಲಿ 27 ಗೆದ್ದಿತು. ಸೋತದ್ದು ಒಂದೇ ಒಂದು ಕಡೆ, ಇಲ್ಲಿ, ಸರಳತೆಗೆ ಹೆಸರಾಗಿದ್ದ ಜನತಾ ಪಕ್ಷದ ಟಿ.ಆರ್. ಶಾಮಣ್ಣನವರ ಎದುರು. 1984ರಲ್ಲಿ ಇಂದಿರಾ ಹತ್ಯೆಯ ನಂತರ ದೇಶವೆಲ್ಲ ರಾಜೀವ್ ಗಾಂಧಿಯವರ ಕಡೆ ವಾಲಿದಾಗಲೂ ಇಲ್ಲಿ ಗೆದ್ದವರು ಸ್ವಾತಂತ್ರ್ಯ ಹೋರಾಟಗಾರ, ಜನತಾ ಪಕ್ಷದ ವಿ.ಎಸ್. ಕೃಷ್ಣ ಅಯ್ಯರ್. ಪಕ್ಕದ ಉತ್ತರ ಕ್ಷೇತ್ರದಲ್ಲಿ ಅದೇ ವರ್ಷ ಜಾರ್ಜ್ ಫರ್ನಾಂಡಿಸ್‌ರಂಥವರೇ ಜಾಫರ್ ಷರೀಫರ ಎದುರು ಸೋತಿದ್ದರು. 1991ರಲ್ಲಿ ರಾಜ್ಯ ಕಾಂಗ್ರೆಸ್ಸಿಗೆ 23 ಸೀಟು ಕೊಟ್ಟಾಗ ದಕ್ಷಿಣ ಆರಿಸಿದ್ದು ಬಿಜೆಪಿಯ ಅರ್ಥಶಾಸ್ತ್ರಜ್ಞ ಕೆ. ವೆಂಕಟಗಿರಿಗೌಡರನ್ನು. ರಾಜ್ಯದಿಂದ ಲೋಕಸಭೆಗೆ ಹೋದ ಮೊದಲ ನಾಲ್ವರು ಬಿಜೆಪಿಯವರಲ್ಲಿ ಅವರೊಬ್ಬರು. 1996ರಲ್ಲಿ ಜನತಾದಳ 16 ಗೆದ್ದು ದೇವೇಗೌಡರು ಪ್ರಧಾನಿಯಾದರು, ಇಲ್ಲಿ ಬಿಜೆಪಿಯ ಅನಂತಕುಮಾರ್ ಗೆದ್ದರು. 1999ರಲ್ಲಿ ಎಸ್.ಎಂ. ಕೃಷ್ಣ ಅವರ ಅಲೆಯಲ್ಲಿ ಕಾಂಗ್ರೆಸ್ 18 ಗೆದ್ದಿತು, ಇಲ್ಲಿ ಮತ್ತೆ ಅನಂತಕುಮಾರ್.

ಅಂದರೆ ತುರ್ತು ಪರಿಸ್ಥಿತಿಯ ನಂತರ ಕಾಂಗ್ರೆಸ್ ಇಲ್ಲಿ ಗೆದ್ದದ್ದು ಒಂದೇ ಸಲ, 1989ರಲ್ಲಿ, ಮಾಜಿ ಮುಖ್ಯಮಂತ್ರಿ ಗುಂಡೂರಾಯರು ನಿಂತಾಗ. ಜನತಾ ಪರಿವಾರ ಒಡೆದು ಚೂರಾಗಿ, ವಿಧಾನಸಭೆಯಲ್ಲೂ ಕಾಂಗ್ರೆಸ್ 178 ಸೀಟು ಬಾಚಿಕೊಂಡ ವರ್ಷ ಅದು. ಉಳಿದಂತೆ 2004ರವರೆಗೆ ಈ ಕ್ಷೇತ್ರ ಬಹುತೇಕ ರಾಜ್ಯದ ಗಾಳಿಗೆ ಎದುರಾಗಿಯೇ ನಿಂತಿತ್ತು. ಆಮೇಲೆ ರಾಜ್ಯವೇ ಲೋಕಸಭೆಗೆ ಬಿಜೆಪಿಯನ್ನು ಹೆಚ್ಚು ಆರಿಸತೊಡಗಿದ್ದರಿಂದ ದಕ್ಷಿಣದ ಈ ವಿಶೇಷ ಕಣ್ಣಿಗೆ ಬೀಳುವುದು ನಿಂತಿತು.

ಈಗ ಜಾತಿಯ ಮಾತು. ಇಲ್ಲಿ ಬ್ರಾಹ್ಮಣರ ಸಂಖ್ಯೆ, ಪ್ರಭಾವ ಎರಡೂ ಹೆಚ್ಚು, ಅದು ಸುಳ್ಳಲ್ಲ. ಶಂಕರಪುರದಲ್ಲಿ ಆರೆಸ್ಸೆಸ್ಸಿನ ಕೇಶವಕೃಪಾ ಇದೆ, ಸಂಘಟನೆ ಬೀದಿ ಬೀದಿಯಲ್ಲಿ ಗಟ್ಟಿಯಾಗಿದೆ. ಆದರೆ ಬ್ರಾಹ್ಮಣ ಅಭ್ಯರ್ಥಿ ಅನ್ನುವುದೇ ಸಾಕಾಗಿದ್ದರೆ 1991ರಲ್ಲಿ ಗುಂಡೂರಾಯರು ಒಕ್ಕಲಿಗ ವೆಂಕಟಗಿರಿಗೌಡರ ಎದುರು ಸೋಲುತ್ತಿರಲಿಲ್ಲ, 1996ರಲ್ಲಿ ವರಲಕ್ಷ್ಮಿ ಗುಂಡೂರಾವ್ ಕೂಡ ಸೋಲುತ್ತಿರಲಿಲ್ಲ. ಕಾಂಗ್ರೆಸ್ 2004ರಲ್ಲಿ ಎಂ. ಕೃಷ್ಣಪ್ಪ, 2009ರಲ್ಲಿ ಕೃಷ್ಣ ಬೈರೇಗೌಡ ಅಂತ ಒಕ್ಕಲಿಗರನ್ನು ನಿಲ್ಲಿಸಿತು. 1999 ಮತ್ತು 2019ರಲ್ಲಿ ಹಿಂದುಳಿದ ವರ್ಗದ ಬಿ.ಕೆ. ಹರಿಪ್ರಸಾದ್ ನಿಂತರು. ಎಲ್ಲ ಲೆಕ್ಕಾಚಾರಗಳನ್ನೂ ಪ್ರಯೋಗ ಮಾಡಿ ನೋಡಿದ್ದಾಯಿತು.

ನನಗೆ ಬಹಳ ಮುಖ್ಯವಾಗಿ ಕಾಣುವುದು 2009ರಿಂದ 2024ರವರೆಗಿನ ನಾಲ್ಕು ಚುನಾವಣೆಯ ಅಂಕಿಗಳು. 2008ರ ಕ್ಷೇತ್ರ ಪುನರ್ವಿಂಗಡಣೆಯ ನಂತರ ಗಡಿ ಬದಲಾಗಿಲ್ಲ, ಹಾಗಾಗಿ ಹೋಲಿಸಬಹುದು. ಗೋವಿಂದರಾಜನಗರ, ವಿಜಯನಗರ, ಚಿಕ್ಕಪೇಟೆ, ಬಸವನಗುಡಿ, ಪದ್ಮನಾಭನಗರ, ಬಿಟಿಎಂ ಲೇಔಟ್, ಜಯನಗರ, ನಿಮ್ಮ ಬೊಮ್ಮನಹಳ್ಳಿ, ಇವಿಷ್ಟು ವಿಧಾನಸಭಾ ಕ್ಷೇತ್ರಗಳು. 2009ರಲ್ಲಿ ಕಾಂಗ್ರೆಸ್ಸಿಗೆ ಬಂದದ್ದು 4,00,341 ಮತ. 2014ರಲ್ಲಿ 4,05,241. 2019ರಲ್ಲಿ 4,08,037. ಹತ್ತು ವರ್ಷದಲ್ಲಿ ಎಂಟು ಸಾವಿರ ಮತವೂ ಹೆಚ್ಚಾಗಲಿಲ್ಲ! ಅದೇ ಅವಧಿಯಲ್ಲಿ ಬಿಜೆಪಿ 4,37,953ರಿಂದ 6,33,816ಕ್ಕೆ, ಅಲ್ಲಿಂದ 7,39,229ಕ್ಕೆ ಏರಿತು. 2009ರಲ್ಲಿ ಕೃಷ್ಣ ಬೈರೇಗೌಡರು ಸೋತದ್ದು 37,612 ಮತದಿಂದ. ಹತ್ತೇ ವರ್ಷಕ್ಕೆ ಆ ಅಂತರ 3,31,192 ಆಯಿತು.

ಕಾಂಗ್ರೆಸ್ಸಿನ ಮತದ ಮೊತ್ತ ಕುಗ್ಗಲಿಲ್ಲ, ಹೊಸದಾಗಿ ಬೂತಿಗೆ ಬಂದವರ ಪೈಕಿ ಅದರ ಕಡೆ ಹೋದವರು ತೀರಾ ಕಡಿಮೆ. 2009ರಲ್ಲಿ ಸುಮಾರು 45 ಶೇಕಡಾ ಇದ್ದ ಮತದಾನ 2014ರಲ್ಲಿ 55 ದಾಟಿತು. ಕಾಂಗ್ರೆಸ್ಸಿನಿಂದ ನಂದನ್ ನಿಲೇಕಣಿ ನಿಂತ ಚುನಾವಣೆ ಅದು. ಇನ್ಫೋಸಿಸ್ ಕಟ್ಟಿದವರಲ್ಲೊಬ್ಬರು, ಆಧಾರ್ ತಂದವರು. ಐಟಿ ಜನ ತುಂಬಿದ ಕ್ಷೇತ್ರಕ್ಕೆ ಇದಕ್ಕಿಂತ ಒಪ್ಪುವ ಅಭ್ಯರ್ಥಿ ಎಲ್ಲಿ ಸಿಗುತ್ತಾರೆ ಅಂತ ಎಷ್ಟೋ ಜನ ಅಂದುಕೊಂಡಿದ್ದರು. ಸೋತದ್ದು 2,28,575 ಮತದಿಂದ. 2011ರಲ್ಲಿ ಅಣ್ಣಾ ಹಜಾರೆ ಚಳವಳಿಗೆ ಈ ಭಾಗದ ಜನ ಫ್ರೀಡಂ ಪಾರ್ಕಿಗೆ ಹಿಂಡು ಹಿಂಡಾಗಿ ಹೋಗಿದ್ದರು. ಆ ಪಾರ್ಕು ಅದೇ ಹಳೆಯ ಸೆಂಟ್ರಲ್ ಜೈಲು. ಚಳವಳಿಯ ಮುಂಚೂಣಿಯಲ್ಲಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 1977ರಲ್ಲಿ ಇಲ್ಲಿ ಗೆದ್ದ ಕೆ.ಎಸ್. ಹೆಗ್ಡೆಯವರ ಮಗ. ಕೇಂದ್ರದಲ್ಲಿದ್ದ ಕಾಂಗ್ರೆಸ್ ಸರ್ಕಾರದ ಮೇಲಿನ ಸಿಟ್ಟಿನ ಮುಂದೆ ನಿಲೇಕಣಿಯವರ ಅರ್ಹತೆ ಚರ್ಚೆಗೇ ಬರಲಿಲ್ಲ. ಅಭ್ಯರ್ಥಿಯನ್ನು ನೋಡಿ ಮತ ಹಾಕುತ್ತೇವೆ ಅನ್ನುವ ವಿದ್ಯಾವಂತರ ಮಾತನ್ನು ನಾನು ಅಂದಿನಿಂದ ಅಷ್ಟಾಗಿ ನಂಬುವುದಿಲ್ಲ. 2009ರಲ್ಲಿ ಏರ್ ಡೆಕ್ಕನ್ನಿನ ಕ್ಯಾಪ್ಟನ್ ಗೋಪಿನಾಥ್ ಪಕ್ಷೇತರರಾಗಿ ನಿಂತಾಗಲೂ ಠೇವಣಿ ಉಳಿದಿರಲಿಲ್ಲ.

2019ರ ಅಂಕಿಯಲ್ಲಿ ಇನ್ನೊಂದು ಸಂಗತಿ ಇದೆ. ಆಗ ಜೆಡಿಎಸ್ ಕಾಂಗ್ರೆಸ್ ಜೊತೆ ಮೈತ್ರಿಯಲ್ಲಿತ್ತು. ಆದರೂ ಕಾಂಗ್ರೆಸ್ಸಿಗೆ ಹೆಚ್ಚು ಬಂದದ್ದು ಮೂರು ಸಾವಿರಕ್ಕೂ ಕಡಿಮೆ. ಅನಂತಕುಮಾರ್ 2018ರ ನವೆಂಬರಿನಲ್ಲಿ ತೀರಿಕೊಂಡಿದ್ದರು, ಟಿಕೆಟ್ ಅವರ ಪತ್ನಿ ತೇಜಸ್ವಿನಿಯವರಿಗೇ ಅಂತ ಎಲ್ಲರೂ ಎಣಿಸಿದ್ದರು. ಕೊನೇ ಗಳಿಗೆಯಲ್ಲಿ 28 ವರ್ಷದ ತೇಜಸ್ವಿ ಸೂರ್ಯ ಅಭ್ಯರ್ಥಿಯಾದರು. ಕಾರ್ಯಕರ್ತರಲ್ಲಿ ಎಷ್ಟು ಬೇಸರವಿತ್ತೆಂದು ನಮ್ಮ ಬೀದಿಯಲ್ಲೇ ಕಂಡಿದ್ದೇನೆ. ಮತಪೆಟ್ಟಿಗೆಯಲ್ಲಿ ಅದರ ಸುಳಿವೂ ಇರಲಿಲ್ಲ.

ನೀವು ಕೇಳಿದ ಎಂಎಲ್‌ಎ, ಎಂಪಿ ವ್ಯತ್ಯಾಸಕ್ಕೆ ಬರುತ್ತೇನೆ. ರಾಮಲಿಂಗಾರೆಡ್ಡಿಯವರು 1989ರಿಂದ ನಾಲ್ಕು ಸಲ ಜಯನಗರದಲ್ಲಿ, ಆಮೇಲೆ ನಾಲ್ಕು ಸಲ ಬಿಟಿಎಂನಲ್ಲಿ ಗೆದ್ದಿದ್ದಾರೆ. ವಿಜಯನಗರದಲ್ಲಿ 2008ರಿಂದ ಕಾಂಗ್ರೆಸ್ಸಿನ ಕೃಷ್ಣಪ್ಪನವರೇ. ಇವರನ್ನು ಆರಿಸುವ ಮನೆಗಳಲ್ಲೇ ಎಷ್ಟೋ ಮನೆಗಳು ದೆಹಲಿಗೆ ಬಿಜೆಪಿಯನ್ನು ಕಳಿಸುತ್ತವೆ. ನಮ್ಮ ಕಡೆ ಜನ ಇದನ್ನು ಮುಚ್ಚಿಡುವುದಿಲ್ಲ. ಖಾತಾ, ಕಾವೇರಿ ನೀರು, ಮೋರಿ, ಆಸ್ಪತ್ರೆಯ ಬೆಡ್ಡು, ಮಗುವಿನ ಶಾಲೆಯ ಸೀಟು, ಇದಕ್ಕೆಲ್ಲ ಎಂಎಲ್‌ಎ ಬೇಕು, ಬಾಗಿಲು ತಟ್ಟಿದರೆ ಸಿಗುವವರಾಗಿರಬೇಕು. ಎಂಪಿ ವೋಟು ಪ್ರಧಾನಿ ಯಾರಾಗಬೇಕು ಅನ್ನುವುದಕ್ಕೆ. ಜಯನಗರದಲ್ಲಿ 2023ರ ವಿಧಾನಸಭಾ ಚುನಾವಣೆಯ ಮರುಎಣಿಕೆ ರಾತ್ರಿಯವರೆಗೆ ಎಳೆದು, ಬಿಜೆಪಿಯ ರಾಮಮೂರ್ತಿ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿಯವರ ಮೇಲೆ ಗೆದ್ದದ್ದು ಬರೀ 16 ಮತದಿಂದ. ಮರುವರ್ಷ ಅದೇ ಸೌಮ್ಯಾ ರೆಡ್ಡಿ ಲೋಕಸಭೆಗೆ ನಿಂತರು, 2,77,083 ಮತದಿಂದ ಸೋತರು. ಆದರೆ ಅವರು ಪಡೆದ 4,73,747 ಮತವನ್ನು ಹಗುರವಾಗಿ ನೋಡಬೇಡಿ. ಹತ್ತು ವರ್ಷ ಅಲುಗದಿದ್ದ ಮೊತ್ತ ಆ ಒಂದೇ ಸಲ 65 ಸಾವಿರದಷ್ಟು ಏರಿತು. ಬಿಜೆಪಿಗೆ ಜೆಡಿಎಸ್ ಜೊತೆಯಾಗಿದ್ದರೂ ಏರಿದ್ದು 11 ಸಾವಿರದ ಆಸುಪಾಸು. ಗ್ಯಾರಂಟಿ ಯೋಜನೆಗಳು, ಅದರಲ್ಲೂ ಹೆಂಗಸರ ಉಚಿತ ಬಸ್ ಪ್ರಯಾಣ, ಇದರಲ್ಲಿ ಕೆಲಸ ಮಾಡಿವೆ ಅನ್ನುವುದು ನನ್ನ ಊಹೆ.

ಇನ್ನು ಮತ ಹಾಕದವರ ವಿಷಯ, ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ತರುವ ವಿಷಯ. 2024ರಲ್ಲಿ ರಾಜ್ಯದಲ್ಲಿ 70 ಶೇಕಡಾ ದಾಟಿದ ಮತದಾನ ಇಲ್ಲಿ 53ರ ಹತ್ತಿರ ನಿಂತಿತು. ಟೀವಿಯವರು ಪ್ರತಿ ಸಲ ಸೋಮಾರಿ ಬೆಂಗಳೂರಿಗರು ಅಂತ ಬೈಯುತ್ತಾರೆ. 2014 ಮತ್ತು 2019ರಲ್ಲಿ ಮತದಾನದ ಮರುದಿನ ಗುಡ್ ಫ್ರೈಡೆ ಇತ್ತು, 2024ರಲ್ಲಿ ಮತದಾನವೇ ಶುಕ್ರವಾರ. ಸಾಲು ರಜೆಗೆ ಊರು ಬಿಟ್ಟವರು ಇದ್ದೇ ಇದ್ದಾರೆ. ಆದರೆ ಪಟ್ಟಿ ಹಿಡಿದು ಮನೆಮನೆಗೆ ಹೋದವರಿಗೆ ಬೇರೆ ಕಾರಣವೂ ಗೊತ್ತು. ನಮ್ಮ ಪಕ್ಕದ ಶ್ರೀನಗರದ ಒಂದು ವಠಾರದಲ್ಲಿ ಪಟ್ಟಿಯ ಪ್ರಕಾರ ಮೂರು ಸಂಸಾರಗಳಿದ್ದವು. ನಾನು ಹೋದಾಗ ಅಲ್ಲಿ ವಠಾರವೇ ಇರಲಿಲ್ಲ, ನಾಲ್ಕು ಅಂತಸ್ತಿನ ಪಿಜಿ ಎದ್ದಿತ್ತು. ಹಳೆಯ ಸಂಸಾರಗಳು ಕೆಂಗೇರಿಯ ಕಡೆ ಹೋಗಿವೆ ಅಂದರು ಎದುರುಮನೆಯ ಅಜ್ಜಿ. ಆ ಹೆಸರುಗಳು ಪಟ್ಟಿಯಲ್ಲಿವೆ, ಪಿಜಿಯ ಹುಡುಗರ ಹೆಸರಿಲ್ಲ. ಹೆಸರು ತೆಗೆಯಲು ನೋಟಿಸು ಕೊಡಬೇಕು, ನೋಟಿಸು ತೆಗೆದುಕೊಳ್ಳಲು ಆ ವಿಳಾಸದಲ್ಲಿ ಜನವೇ ಇಲ್ಲ. ಹೀಗೆ ಉಳಿದ ಹೆಸರುಗಳೆಲ್ಲ ‘ಮತ ಹಾಕದ ಬೆಂಗಳೂರಿಗ’ರ ಲೆಕ್ಕಕ್ಕೆ ಸೇರುತ್ತವೆ.

ನಿಮ್ಮ ಬೊಮ್ಮನಹಳ್ಳಿಯಲ್ಲಿ ಇದು ಇನ್ನೂ ಹೆಚ್ಚು. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮ ಬಿಗಿ ಮಾಡಿದ್ದಕ್ಕೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ಪಡೆಯಿತು. ಅಷ್ಟು ಶಕ್ತಿ ಇದ್ದ ಆ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನರ ವೋಟು ಮಂಡ್ಯ, ಕನಕಪುರ, ಕೋಲಾರದ ಕಡೆಯ ಹಳ್ಳಿಗಳಲ್ಲಿದೆ. ದುಡಿಯುವ ಜಾಗದಲ್ಲಿ ಅವರ ಮಾತನ್ನು ಯಾವ ಪಕ್ಷವೂ ಎಣಿಸಬೇಕಾಗಿಲ್ಲ. ದಕ್ಷಿಣದ ಫಲಿತಾಂಶ ಅಂದರೆ ಸ್ವಂತ ಮನೆ, ಹಳೆಯ ವಿಳಾಸ ಇರುವವರ ಫಲಿತಾಂಶ ಅನ್ನಿಸುವುದು ಇದಕ್ಕೇ. ಬಾಡಿಗೆ ಮನೆಯವರೆಲ್ಲ ಪಟ್ಟಿಗೆ ಸೇರಿದರೆ ಬಿಜೆಪಿ ಸೋತೇಬಿಡುತ್ತದೆ ಅಂತ ನಾನು ಹೇಳುತ್ತಿಲ್ಲ, ಐಟಿಯ ಬಾಡಿಗೆದಾರರಲ್ಲಿ ಅದರ ಮತದಾರರೇ ಹೆಚ್ಚಿರಬಹುದು. ಆದರೆ ಅಭ್ಯರ್ಥಿಗಳು ಬಾಡಿಗೆ, ಪಿಎಫ್, ಬೆಳಗಿನ ಬಸ್ಸು ಇವುಗಳ ಬಗ್ಗೆ ಮಾತಾಡಲೇಬೇಕಾಗುತ್ತದೆ.

ನಿಮ್ಮ ವೋಟಿನ ಬಗ್ಗೆ: ಇಲ್ಲೇ ಇರುವುದು ಖಚಿತವಾಗಿದ್ದರೆ ಬದಲಾಯಿಸಿಕೊಳ್ಳಿ. ಈಗ ಅದಕ್ಕೆ ಫಾರಂ 8 ತುಂಬಿದರೆ ಸಾಕು, ಆನ್‌ಲೈನಿನಲ್ಲೇ ಆಗುತ್ತದೆ. ಬಾಡಿಗೆ ಕರಾರು ಪತ್ರದ ಪ್ರತಿ ಇಟ್ಟುಕೊಂಡಿರಿ. ಬಿಎಲ್‌ಒ, ಅಂದರೆ ಬೂತ್ ಮಟ್ಟದ ಅಧಿಕಾರಿ, ಪರಿಶೀಲನೆಗೆ ಮನೆಗೆ ಬರುತ್ತಾರೆ. ಅವರು ಹೆಚ್ಚಾಗಿ ಶಾಲೆಯ ಅಥವಾ ಅಂಗನವಾಡಿಯ ಕೆಲಸ ಮುಗಿಸಿಕೊಂಡು ಬರುವವರು, ಹಗಲಲ್ಲಿ ನೀವು ಮನೆಯಲ್ಲಿ ಸಿಗುವುದಿಲ್ಲ ಅಂತಾದರೆ ಫೋನ್ ನಂಬರನ್ನು ಮಾಲೀಕರ ಹತ್ತಿರವಾದರೂ ಬಿಟ್ಟಿರಿ.