ಗೈಯಾ ಪಟ್ಟಿಯ ಆರ್‌ಆರ್ ಲೈರೆ ನಕ್ಷತ್ರಗಳನ್ನು ನಕ್ಷೆಗೆ ಹಾಕಿದರೆ ಪಟ್ಟೆಗಳು ಕಾಣುತ್ತಿವೆ. ಇವು ನಿಜವಾದ ತಾರಾಪ್ರವಾಹಗಳೇ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ನಕ್ಷತ್ರಗಳ ಸ್ಥಾನ, ಚಲನೆಗಳನ್ನು ಅಳೆದ ಗೈಯಾ ಉಪಗ್ರಹದ ಮೂರನೇ ದತ್ತಾಂಶ ಬಿಡುಗಡೆಯಿಂದ, ನಿಯತವಾಗಿ ಮಿಡಿಯುವ ಹಳೆಯ ನಕ್ಷತ್ರಗಳಾದ ಆರ್‌ಆರ್ ಲೈರೆ ಪಟ್ಟಿಯನ್ನು ಇಳಿಸಿಕೊಂಡು, ಪ್ರತಿ ನಕ್ಷತ್ರಕ್ಕೊಂದು ಚುಕ್ಕಿಯಂತೆ ಆಕಾಶದ ನಕ್ಷೆಗೆ ಹಾಕಿದ್ದೀರಿ. ಮೂರ್ನಾಲ್ಕು ಉದ್ದನೆಯ ಪಟ್ಟೆಗಳು ಕಂಡಿವೆ. ಅವು ಆಕಾಶಗಂಗೆಯ ಹೇಲೋದಲ್ಲಿ, ಅಂದರೆ ತಟ್ಟೆಯ ಸುತ್ತಲಿನ ವಿರಳ ಹೊರವಲಯದಲ್ಲಿ, ಹರಡಿರುವ ತಾರಾಪ್ರವಾಹಗಳೇ (ಒಡೆದ ಕುಬ್ಜ ಗ್ಯಾಲಕ್ಸಿ ಅಥವಾ ತಾರಾಗುಚ್ಛದಿಂದ ಚೆಲ್ಲಿದ ನಕ್ಷತ್ರಗಳ ಉದ್ದನೆಯ ಸಾಲುಗಳೇ), ಅಲ್ಲವೇ ಎಂದು ಹೇಗೆ ತಿಳಿಯುವುದು?

ದೂರ ಲೆಕ್ಕ ಹಾಕುವವರೆಗೆ ಯಾವ ಪಟ್ಟೆಯನ್ನೂ ನಂಬಬೇಡಿ. ಈ ಜಾತಿಯ ನಕ್ಷತ್ರಗಳ ಬೆನ್ನು ಹತ್ತುವುದೇ ದೂರಕ್ಕಾಗಿ. ಹೇಲೋದಲ್ಲಿ 50 ಕಿಲೋಪಾರ್ಸೆಕ್ (ಒಂದು ಕಿಲೋಪಾರ್ಸೆಕ್ ಎಂದರೆ ಸುಮಾರು 3,260 ಬೆಳಕಿನ ವರ್ಷ) ದೂರವಿರುವ ನಕ್ಷತ್ರದ ಪ್ಯಾರಲಾಕ್ಸ್, ಅಂದರೆ ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಸರಿದಂತೆ ಕಾಣುವ ಕೋನ, 0.02 ಮಿಲಿ ಆರ್ಕ್‌ಸೆಕೆಂಡ್. ಅಷ್ಟು ಮಂಕಾದ ನಕ್ಷತ್ರದಲ್ಲಿ ಗೈಯಾದ ಅಳತೆಯ ದೋಷವೇ ಅದರ ಹತ್ತು ಪಟ್ಟಿಗಿಂತ ಹೆಚ್ಚು, ಹಾಗಾಗಿ ಪ್ಯಾರಲಾಕ್ಸ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಆರ್‌ಆರ್ ಲೈರೆ ನಕ್ಷತ್ರ ಹಾಗಲ್ಲ. ಅದು ಸಾವಿರ ಕೋಟಿ ವರ್ಷಕ್ಕೂ ಹಳೆಯದು, ತನ್ನ ಗರ್ಭದಲ್ಲಿ ಹೀಲಿಯಂ ಉರಿಸುತ್ತಿರುವಂಥದ್ದು. ಆ ಹೀಲಿಯಂ ಗರ್ಭದ ರಾಶಿ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ, ಸೂರ್ಯನ ಅರ್ಧದಷ್ಟು. ಆದ್ದರಿಂದ ಬೆಳಕೂ ಹೆಚ್ಚುಕಡಿಮೆ ಒಂದೇ: ಸೂರ್ಯನ 50 ಪಟ್ಟಿನ ಆಸುಪಾಸು. ಅರ್ಧ ದಿನದ ಆಸುಪಾಸಿನಲ್ಲಿ ಒಮ್ಮೆ ಮಿಡಿಯುವುದರಿಂದ ಲಕ್ಷಾಂತರ ನಕ್ಷತ್ರಗಳ ನಡುವೆಯೂ ಗುರುತು ಸಿಗುತ್ತದೆ.

ಮೊದಲು ಸೋಸುವ ಕೆಲಸ. ನಿಮ್ಮ ಪಟ್ಟಿಯಲ್ಲಿ ಸುಮಾರು 2.7 ಲಕ್ಷ ನಕ್ಷತ್ರಗಳಿವೆ. ಅವುಗಳಲ್ಲಿ ದೊಡ್ಡ ಪಾಲು ನಮ್ಮ ನೆರೆಯ ಪುಟ್ಟ ಗ್ಯಾಲಕ್ಸಿಗಳಾದ ಎರಡು ಮೆಗಲಾನಿಕ್ ಮೋಡಗಳಲ್ಲಿ ಮತ್ತು ಆಕಾಶಗಂಗೆಯ ನಡುವಿನ ಉಬ್ಬಿನಲ್ಲಿದೆ. ಆಕಾಶಗಂಗೆಯ ಸಮತಲದಿಂದ 20 ಡಿಗ್ರಿಯೊಳಗಿನ ನಕ್ಷತ್ರಗಳನ್ನು ಬಿಡಿ, ಎರಡೂ ಮೋಡಗಳ ಸುತ್ತ ಧಾರಾಳವಾದ ವೃತ್ತ ಹಾಕಿ ಕತ್ತರಿಸಿ, ಗೊತ್ತಿರುವ ಗೋಳೀಯ ಗುಚ್ಛಗಳನ್ನೂ (ಚೆಂಡಿನಂತೆ ದಟ್ಟವಾಗಿ ಗುಂಪಾದ ಹಳೆಯ ನಕ್ಷತ್ರಗಳು) ಕುಬ್ಜ ಗ್ಯಾಲಕ್ಸಿಗಳನ್ನೂ ಮರೆಮಾಡಿ. ಇಲ್ಲದಿದ್ದರೆ ಒಂದೇ ಗುಚ್ಛದ ನಲವತ್ತು ನಕ್ಷತ್ರ ಸೇರಿಕೊಂಡು ಒಂದು ಗೆರೆಯ ತುದಿಯನ್ನು ಗಟ್ಟಿ ಮಾಡಿ ತೋರಿಸುತ್ತವೆ.

ಆರ್‌ಆರ್‌ಎಬಿ ಎಂಬ ಬಗೆಯನ್ನು ಮಾತ್ರ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಇವುಗಳ ಬೆಳಕು ಗರಗಸದ ಹಲ್ಲಿನಂತೆ ಥಟ್ಟನೆ ಏರಿ ನಿಧಾನವಾಗಿ ಇಳಿಯುತ್ತದೆ, ಬೇರೆ ಯಾವುದರ ಜೊತೆಗೂ ಸುಲಭವಾಗಿ ಕಲಸಿಹೋಗುವುದಿಲ್ಲ. ಆರ್‌ಆರ್‌ಸಿ ಬಗೆಯದು ನಯವಾದ ಅಲೆ. ಒಂದನ್ನೊಂದು ತಾಗಿಕೊಂಡು ಸುತ್ತುವ ಜೋಡಿ ನಕ್ಷತ್ರಗಳೂ ಅದೇ ಆಕಾರವನ್ನು ತೋರಿಸುತ್ತವೆ: 0.6 ದಿನಕ್ಕೊಮ್ಮೆ ಸುತ್ತುವ ಜೋಡಿಯಲ್ಲಿ ಎರಡು ಗ್ರಹಣಗಳೂ ಒಂದೇ ಆಳದವಾದರೆ, ಅದು 0.3 ದಿನದ ಆರ್‌ಆರ್‌ಸಿಯಂತೆಯೇ ಕಾಣುತ್ತದೆ. ಅಂಥ ಜೋಡಿಯ ನಿಜವಾದ ಬೆಳಕು ಬಹಳ ಕಡಿಮೆ, ಹಾಗಾಗಿ ಲೆಕ್ಕ ಹಾಕಿದ ದೂರ ಪೂರ್ತಿ ಸುಳ್ಳಾಗುತ್ತದೆ. ಭೂಮಿಯ ಮೇಲಿನ ಸಮೀಕ್ಷೆಗಳ ಪಟ್ಟಿಯನ್ನೂ ಬೆರೆಸುತ್ತೀರಾದರೆ ಇನ್ನೊಂದು ಬಲೆ ಇದೆ. ರಾತ್ರಿ ಮಾತ್ರ ನೋಡುವುದರಿಂದ ದಿನಕ್ಕೆ ಒಂದು ಸುತ್ತು ಹೆಚ್ಚಾಗಿಯೋ ಕಡಿಮೆಯಾಗಿಯೋ ಎಣಿಕೆಯಾಗುತ್ತದೆ. 0.6 ದಿನದ ಅವಧಿ ಎಂದರೆ ದಿನಕ್ಕೆ 1.667 ಮಿಡಿತ, ಒಂದು ಸೇರಿದರೆ 2.667, ಅಂದರೆ 0.375 ದಿನ. ಅಪ್ಪಟ ಆರ್‌ಆರ್‌ಎಬಿ ಹೀಗೆ ಆರ್‌ಆರ್‌ಸಿಯ ವೇಷ ಹಾಕುತ್ತದೆ.

ಈಗ ದೂರ. ಒಂದು ನಕ್ಷತ್ರವನ್ನೇ ಹತ್ತಿರದಿಂದ ನೋಡೋಣ. ಗೈಯಾ ಅಳೆಯುವ ಜಿ ಎಂಬ ಅಗಲವಾದ ಬಣ್ಣದ ವ್ಯಾಪ್ತಿಯಲ್ಲಿ ಅದರ ಸರಾಸರಿ ಕಾಂತಿಮಾನ (ಸಂಖ್ಯೆ ದೊಡ್ಡದಾದಷ್ಟೂ ನಕ್ಷತ್ರ ಮಂಕು) 17.80, ಧೂಳಿನ ನಕ್ಷೆಯ ಪ್ರಕಾರ ಆ ದಿಕ್ಕಿನ ಕೆಂಪಾಗುವಿಕೆ (ಧೂಳಿನಿಂದ ಬಣ್ಣ ಕೆಂಪಿಗೆ ಸರಿದ ಪ್ರಮಾಣ) 0.055, ಲೋಹಾಂಶ (ಸೂರ್ಯನಿಗೆ ಹೋಲಿಸಿ ಲೋಹಗಳ ಪ್ರಮಾಣ, ಲಾಗರಿದಂ ಲೆಕ್ಕದಲ್ಲಿ) ಮೈನಸ್ 1.6 ಎಂದಿಟ್ಟುಕೊಳ್ಳಿ. ಕೆಂಪಾಗುವಿಕೆಯನ್ನು ಸುಮಾರು 2.7ರಿಂದ ಗುಣಿಸಿದರೆ ಧೂಳು ನುಂಗಿದ ಬೆಳಕು 0.15 ಕಾಂತಿಮಾನ. ನಿರಪೇಕ್ಷ ಕಾಂತಿಮಾನಕ್ಕೆ, ಅಂದರೆ ನಕ್ಷತ್ರವನ್ನು 10 ಪಾರ್ಸೆಕ್ ದೂರದಲ್ಲಿಟ್ಟರೆ ಕಾಣುವ ಕಾಂತಿಮಾನಕ್ಕೆ, ಹೆಚ್ಚಾಗಿ ಬಳಕೆಯಲ್ಲಿರುವ ಸೂತ್ರ: ಲೋಹಾಂಶವನ್ನು 0.32ರಿಂದ ಗುಣಿಸಿ 1.11 ಕೂಡಿಸುವುದು. ಇಲ್ಲಿ 0.60 ಬರುತ್ತದೆ. 17.80ರಿಂದ 0.15, 0.60 ಎರಡನ್ನೂ ಕಳೆದರೆ 17.05. ಅದನ್ನು ಐದರಿಂದ ಭಾಗಿಸಿ ಒಂದು ಕೂಡಿಸಿದರೆ 4.41, ಹತ್ತರ 4.41ನೇ ಘಾತ ಸುಮಾರು 25,700 ಪಾರ್ಸೆಕ್. ಅಂದರೆ 25.7 ಕಿಲೋಪಾರ್ಸೆಕ್.

ಇದೇ ನಕ್ಷತ್ರದಲ್ಲಿ ತಪ್ಪು ಎಲ್ಲೆಲ್ಲಿ ನುಸುಳುತ್ತದೆ ನೋಡಿ. ಧೂಳನ್ನು ಮರೆತರೆ ದೂರ 27.5 ಆಗುತ್ತದೆ. ಲೋಹಾಂಶ 0.5ರಷ್ಟು ತಪ್ಪಿದರೆ ಸುಮಾರು 2 ಕಿಲೋಪಾರ್ಸೆಕ್ ಆಚೀಚೆ. ಎಲ್ಲಕ್ಕಿಂತ ದೊಡ್ಡ ಏಟು ಸರಾಸರಿಯ ಬದಲು ಯಾವುದೋ ಒಂದು ಕ್ಷಣದ ಅಳತೆಯನ್ನು ಬಳಸಿದಾಗ. ಶಿಖರದಲ್ಲಿ ಈ ನಕ್ಷತ್ರ ಸರಾಸರಿಗಿಂತ 0.45 ಪ್ರಕಾಶಮಾನ, ತಳದಲ್ಲಿ 0.30 ಮಂಕು ಎಂದುಕೊಂಡರೆ, ಒಂದೇ ನಕ್ಷತ್ರ ಒಮ್ಮೆ 20.9ರಲ್ಲೂ ಇನ್ನೊಮ್ಮೆ 29.5ರಲ್ಲೂ ನಿಲ್ಲುತ್ತದೆ. ಎರಡು ಕಿಲೋಪಾರ್ಸೆಕ್ ದಪ್ಪದ ಪ್ರವಾಹ ಅಷ್ಟರಲ್ಲಿ ಹೊಗೆಯಂತೆ ಚದುರಿಹೋಗುತ್ತದೆ. ಹಾಗಾಗಿ ಆರ್‌ಆರ್ ಲೈರೆ ಕೋಷ್ಟಕದಲ್ಲೇ ಕೊಟ್ಟಿರುವ, ಬೆಳಕಿನ ರೇಖೆಗೆ (ಬೆಳಕಿನ ಏರಿಳಿತದ ನಕ್ಷೆಗೆ) ಹೊಂದಿಸಿ ತೆಗೆದ ಸರಾಸರಿಯನ್ನು ಬಳಸಿ. ಗೈಯಾದ ಮುಖ್ಯ ಕೋಷ್ಟಕದ ಸಾದಾ ಸರಾಸರಿ ಬೇಡ.

ಲೋಹಾಂಶದ ಬಗ್ಗೆ ಒಂದು ಎಚ್ಚರಿಕೆ. ಕೋಷ್ಟಕದಲ್ಲಿ ಸುಮಾರು ಅರ್ಧದಷ್ಟು ನಕ್ಷತ್ರಗಳಿಗೆ ಮಾತ್ರ ಅದು ಸಿಗುತ್ತದೆ. ಅದೂ ರೋಹಿತದಿಂದ, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿ, ಅಳೆದದ್ದಲ್ಲ, ಮಿಡಿತದ ಅವಧಿ ಮತ್ತು ಬೆಳಕಿನ ರೇಖೆಯ ಆಕಾರದಿಂದ ಊಹಿಸಿದ್ದು. ಮಂಕು ನಕ್ಷತ್ರಗಳಲ್ಲಿ ಆ ಆಕಾರವೇ ಸರಿಯಾಗಿ ಸಿಕ್ಕಿರುವುದಿಲ್ಲ. ದೋಷ 0.4ಕ್ಕಿಂತ ಹೆಚ್ಚಿದ್ದರೆ ಆ ಸಂಖ್ಯೆಯನ್ನು ಬಿಟ್ಟು ಎಲ್ಲಕ್ಕೂ ಮೈನಸ್ 1.5 ಎಂದು ಹಿಡಿಯುವುದೇ ವಾಸಿ. ಆಗ ಎಲ್ಲ ನಕ್ಷತ್ರಗಳೂ ಒಂದೇ ಕಡೆಗೆ ಸ್ವಲ್ಪ ಸರಿಯಬಹುದು, ಆದರೆ ಪ್ರವಾಹದ ಆಕಾರ ಉಳಿಯುತ್ತದೆ. ಕೆಟ್ಟ ಲೋಹಾಂಶ ಆಕಾರವನ್ನೇ ಕೆಡಿಸುತ್ತದೆ.

ದೂರ ಸಿಕ್ಕಮೇಲೆ ಆಕಾಶವನ್ನು ಹೋಳು ಮಾಡಿ ನೋಡಿ. ಹೋಳುಗಳನ್ನು ಕಿಲೋಪಾರ್ಸೆಕ್ ಲೆಕ್ಕದಲ್ಲಿ ಕತ್ತರಿಸಬೇಡಿ, ಕಾಂತಿಮಾನದ ಲೆಕ್ಕದಲ್ಲಿ (ಮೇಲೆ ಬಂದ 17.05ರಂಥ ಸಂಖ್ಯೆಯಲ್ಲಿ) ಕತ್ತರಿಸಿ, ಒಂದೊಂದು ಹೋಳು 0.2ರಷ್ಟು. ದೂರದ ದೋಷ ದೂರದ ಜೊತೆಗೇ ಬೆಳೆಯುತ್ತದೆ. 20 ಕಿಲೋಪಾರ್ಸೆಕ್‌ನಲ್ಲಿ ಈ ಹೋಳು 2ರಷ್ಟು ದಪ್ಪ, 80ರಲ್ಲಿ 7ಕ್ಕಿಂತ ಹೆಚ್ಚು. ಎರಡೂ ಕಡೆ ಅಳತೆಯ ಸಾಮರ್ಥ್ಯಕ್ಕೆ ತಕ್ಕಂತೆಯೇ ಇರುತ್ತದೆ.

ಹೋಳುಗಳಲ್ಲಿ ಮೊಟ್ಟಮೊದಲು ಕಾಣಬೇಕಾದದ್ದು ಧನು ಕುಬ್ಜ ಗ್ಯಾಲಕ್ಸಿಯ ಪ್ರವಾಹ. ಆ ಗ್ಯಾಲಕ್ಸಿ ಪತ್ತೆಯಾದದ್ದು 1994ರಲ್ಲಿ. ಅದರ ಉಳಿದ ತಿರುಳು ಸುಮಾರು 26 ಕಿಲೋಪಾರ್ಸೆಕ್ ದೂರದಲ್ಲಿದೆ. ಮುಂದೆ ಹೋದ ಬಾಹು 50ರವರೆಗೆ ಏರಿ ಮರಳುತ್ತದೆ, ಹಿಂದೆ ಉಳಿದ ಬಾಹು 100ರ ಹತ್ತಿರ ತಲುಪುತ್ತದೆ. ಇದು ನಿಮ್ಮ ಒರೆಗಲ್ಲು. ಇದೇ ಕಾಣದಿದ್ದರೆ ನಿಮ್ಮ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ, ಹೊಸ ಪ್ರವಾಹ ಹುಡುಕುವ ಮೊದಲು ಅದನ್ನು ಸರಿಪಡಿಸಿ. ಇದನ್ನು ಪರೀಕ್ಷಿಸುವಾಗ ಬಹಳ ಜನ ಎಡವುವ ಒಂದು ಜಾಗವಿದೆ: ಈ ಪ್ರವಾಹದ ಉದ್ದಕ್ಕೆ ಅಳೆಯುವ ನಿರ್ದೇಶಾಂಕ ಪದ್ಧತಿಗಳು ಎರಡು ಬಳಕೆಯಲ್ಲಿವೆ. 2003ರದ್ದು ಒಂದು ದಿಕ್ಕಿಗೆ ಎಣಿಸುತ್ತದೆ, 2014ರದ್ದು ಅದಕ್ಕೆ ತದ್ವಿರುದ್ಧ. ಒಂದರ ನಕ್ಷತ್ರಗಳನ್ನು ಇನ್ನೊಂದರ ಮಾದರಿಯ ಮೇಲೆ ಹಾಕಿದರೆ ಕನ್ನಡಿಯ ಬಿಂಬ ಸಿಗುತ್ತದೆ.

ಈಗ ನಿಮ್ಮ ಪಟ್ಟೆಗಳಿಗೆ ಬರೋಣ. ಗೈಯಾ ಆಕಾಶವನ್ನು ಸಮನಾಗಿ ನೋಡಲಿಲ್ಲ. ಅದು ಸ್ಕ್ಯಾನ್ ಮಾಡುತ್ತಿದ್ದ ಅಕ್ಷ ಸೂರ್ಯನ ದಿಕ್ಕಿಗೆ 45 ಡಿಗ್ರಿ ಓರೆಯಾಗಿದ್ದುದರಿಂದ ಕ್ರಾಂತಿವೃತ್ತದಿಂದ (ಆಕಾಶದಲ್ಲಿ ಸೂರ್ಯ ಸಾಗುವ ದಾರಿಯಿಂದ) ಉತ್ತರಕ್ಕೂ ದಕ್ಷಿಣಕ್ಕೂ 45 ಡಿಗ್ರಿಯ ಆಸುಪಾಸಿನಲ್ಲಿ ಹೆಚ್ಚು ಸಲ ಹಾದುಹೋಯಿತು. ಹೆಚ್ಚು ಸಲ ನೋಡಿದ ಕಡೆ ಮಂಕು ನಕ್ಷತ್ರಗಳ ಮಿಡಿತ ಹೆಚ್ಚು ಸಿಗುತ್ತದೆ, ಕಡಿಮೆ ನೋಡಿದ ಕಡೆ ಕೈತಪ್ಪುತ್ತದೆ. ಆ ವ್ಯತ್ಯಾಸವೇ ಪಟ್ಟೆಯಾಗಿ ಕಾಣುತ್ತದೆ. ಕೋಷ್ಟಕದಲ್ಲಿ ಪ್ರತಿ ನಕ್ಷತ್ರವನ್ನು ಎಷ್ಟು ಸಲ ಅಳೆದಿದೆ ಎಂಬ ಕಾಲಮ್ ಇದೆ. ಅದನ್ನೇ ಬಣ್ಣವಾಗಿಟ್ಟು ಇನ್ನೊಂದು ನಕ್ಷೆ ಮಾಡಿ, ನಿಮ್ಮ ಪಟ್ಟೆಗಳ ಮೇಲಿಡಿ. ಅಂಚಿಗೆ ಅಂಚು ಕೂಡಿಬಂದರೆ ಆ ಪಟ್ಟೆಯನ್ನು ಕೈಬಿಡಿ.

ಕೂಡಿಬರದಿದ್ದರೆ ಎರಡನೇ ಪರೀಕ್ಷೆ. ಆ ಪ್ರದೇಶದ ನಕ್ಷತ್ರಗಳ ಸ್ಥಾನಗಳನ್ನು ಹಾಗೆಯೇ ಇಟ್ಟು ದೂರಗಳನ್ನು ಮಾತ್ರ ಇಸ್ಪೀಟು ಎಲೆಯಂತೆ ಕಲಸಿ ಹಂಚಿ, ನೂರಿನ್ನೂರು ಸಲ. ನಿಜವಾದ ಪ್ರವಾಹ ಒಂದೆರಡು ಹೋಳುಗಳಲ್ಲಿ ಮಾತ್ರ ಗಟ್ಟಿಯಾಗಿರುವುದರಿಂದ ಕಲಸಿದೊಡನೆ ಆ ಹೋಳಿನಲ್ಲಿ ತೆಳುವಾಗುತ್ತದೆ. ಎಲ್ಲ ದೂರಕ್ಕೂ ಹರಡಿಕೊಂಡಿರುವ ಸುಳ್ಳು ಪಟ್ಟೆ ಕಲಸಿದರೂ ಇದ್ದಂತೆಯೇ ಇರುತ್ತದೆ. ಮಂಕಿನ ತುದಿಯಲ್ಲಿ, 20ನೇ ಕಾಂತಿಮಾನದ ಆಚೆ, ಈ ಪರೀಕ್ಷೆಯೂ ಮೋಸ ಹೋಗಬಹುದು. ಸುಳ್ಳು ಪಟ್ಟೆಗಳೂ ಅಲ್ಲೇ ದಟ್ಟವಾಗಿರುತ್ತವೆ.

ಕೊನೆಯ ತೀರ್ಪು ಚಲನೆಯದು. ಪ್ರಾಪರ್ ಮೋಷನ್, ಅಂದರೆ ನಕ್ಷತ್ರ ಆಕಾಶದ ಮೇಲೆ ಅಡ್ಡಲಾಗಿ ಸರಿಯುವ ವೇಗ, ಅದರಿಂದ ಸೂರ್ಯನ ಸ್ವಂತ ಓಟವನ್ನು ಕಳೆಯಬೇಕು. ಗಾಲಾ ಎಂಬ ಪೈಥಾನ್ ಲೈಬ್ರರಿಯಲ್ಲಿ ಇದಕ್ಕೆ ಸಿದ್ಧ ಫಂಕ್ಷನ್ ಇದೆ. ದೂರ ಸರಿಯಿದ್ದರೆ ಮಾತ್ರ ಉತ್ತರ ಸರಿ. 50 ಕಿಲೋಪಾರ್ಸೆಕ್‌ನಲ್ಲಿ ಸೆಕೆಂಡಿಗೆ 100 ಕಿಲೋಮೀಟರ್ ವೇಗವೆಂದರೆ ವರ್ಷಕ್ಕೆ 0.42 ಮಿಲಿ ಆರ್ಕ್‌ಸೆಕೆಂಡ್. ಆ ದೂರದ ಆರ್‌ಆರ್ ಲೈರೆ 19ನೇ ಕಾಂತಿಮಾನದ್ದು, ಅಲ್ಲಿ ಗೈಯಾದ ದೋಷ 0.3ರ ಆಸುಪಾಸು. ಒಂದೊಂದೇ ನಕ್ಷತ್ರದಿಂದ ಏನೂ ಹೇಳಲಾಗದು, ಇಪ್ಪತ್ತು ಸೇರಿದರೆ ಒಟ್ಟು ದಿಕ್ಕು ಹೊರಬೀಳುತ್ತದೆ. ನಕ್ಷತ್ರಗಳು ಪಟ್ಟೆಯ ಉದ್ದಕ್ಕೇ ಸಾಗುತ್ತಿವೆಯೇ ನೋಡಿ. ಹೌದಾದರೆ ಅದು ಬಲವಾದ ಸಾಕ್ಷಿ.

ಅಲ್ಲವೆಂದರೆ ತಕ್ಷಣ ಎಸೆಯಬೇಡಿ. ಆರ್ಫನ್ ಎಂಬ ಪ್ರವಾಹದ ಕಥೆ ಇದೇ. ಮೂಲ ಗ್ಯಾಲಕ್ಸಿ ಯಾವುದೆಂದು ತಿಳಿಯದ್ದರಿಂದ ಅದಕ್ಕೆ ಅನಾಥ ಎಂಬ ಹೆಸರು. 2019ರಲ್ಲಿ ಗೈಯಾದ ಆರ್‌ಆರ್ ಲೈರೆಗಳನ್ನೇ ಹಿಡಿದು ಅದನ್ನು ಆಕಾಶದಲ್ಲಿ 210 ಡಿಗ್ರಿ ಉದ್ದಕ್ಕೆ ಹಿಂಬಾಲಿಸಿದರು. ದಕ್ಷಿಣದಲ್ಲಿ ಬೇರೆಯೇ ಪ್ರವಾಹವೆಂದು ಚೆನಾಬ್ ಎಂಬ ಹೆಸರು ಪಡೆದಿದ್ದದ್ದು ಇದರ ಮುಂದುವರಿಕೆಯೇ ಎಂದು ತಿಳಿಯಿತು. ಆ ದಕ್ಷಿಣ ಭಾಗದಲ್ಲಿ ನಕ್ಷತ್ರಗಳ ಚಲನೆ ಪ್ರವಾಹದ ದಿಕ್ಕಿಗೆ ಹೊಂದುತ್ತಿರಲಿಲ್ಲ. ದೊಡ್ಡ ಮೆಗಲಾನಿಕ್ ಮೋಡ ಅದನ್ನು ಪಕ್ಕಕ್ಕೆ ಎಳೆದಿತ್ತು. ಎಷ್ಟು ಎಳೆದಿದೆ ಎಂಬುದರಿಂದಲೇ ಆ ಮೋಡದ ತೂಕ ಸಿಕ್ಕಿತು, ಸೂರ್ಯನ ಸುಮಾರು 14,000 ಕೋಟಿ ಪಟ್ಟು. ಹೊಂದದ ಚಲನೆಯೊಂದು ನೆರೆಯ ಗ್ಯಾಲಕ್ಸಿಯ ತಕ್ಕಡಿಯಾಯಿತು ಎಂಬುದು ನನಗೆ ಇಂದಿಗೂ ಮೈ ಜುಮ್ಮೆನಿಸುವ ಸಂಗತಿ.

ಗೋಳೀಯ ಗುಚ್ಛಗಳಿಂದ ಹುಟ್ಟಿದ ಸಪೂರ ಪ್ರವಾಹಗಳನ್ನು ಈ ದಾರಿಯಲ್ಲಿ ಹುಡುಕಿ ನಿರಾಶರಾಗಬೇಡಿ. ಪಾಲೊಮಾರ್ 5 ಗುಚ್ಛದಲ್ಲೂ ಅದರ ಬಾಲಗಳಲ್ಲೂ ಸೇರಿ ಒಂದು ಎಣಿಕೆಯಲ್ಲಿ ಸಿಕ್ಕಿದ್ದು 27 ಆರ್‌ಆರ್ ಲೈರೆಗಳು ಮಾತ್ರ. ಅಷ್ಟರಿಂದ ಹೊಸ ಪ್ರವಾಹ ಕಾಣುವುದಿಲ್ಲ, ಗೊತ್ತಿರುವ ಪ್ರವಾಹಕ್ಕೆ ದೂರ ಮಾತ್ರ ಗಟ್ಟಿಯಾಗಿ ಸಿಗುತ್ತದೆ. ಅಂಥವನ್ನು ಸಾಮಾನ್ಯ ನಕ್ಷತ್ರಗಳ ಬಣ್ಣ ಮತ್ತು ಕಾಂತಿಮಾನದಿಂದ ಹುಡುಕಿ, ಆರ್‌ಆರ್ ಲೈರೆಗಳನ್ನು ಮೈಲಿಗಲ್ಲಾಗಿ ಬಳಸಿ. ಗ್ಯಾಲ್‌ಸ್ಟ್ರೀಮ್ಸ್ ಎಂಬ ಲೈಬ್ರರಿಯಲ್ಲಿ ಈವರೆಗೆ ಗೊತ್ತಿರುವ ಪ್ರವಾಹಗಳ ಜಾಡುಗಳಿವೆ. ಹೊಸದು ಸಿಕ್ಕಿತು ಎನ್ನುವ ಮೊದಲು ಅದರ ಜೊತೆ ಹೋಲಿಸಿ.

ದೂರದರ್ಶಕದಲ್ಲಿ ರೋಹಿತ ತೆಗೆಸುವ ಹಂತಕ್ಕೆ ಬಂದರೆ ಒಂದು ಮಾತು ನೆನಪಿಡಿ. ಮಿಡಿಯುವಾಗ ನಕ್ಷತ್ರದ ಮೇಲ್ಮೈಯೇ ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಒಳಹೊರಗೆ ಓಡಾಡುತ್ತಿರುತ್ತದೆ, ಅದನ್ನು ಕಳೆಯದೆ ನಕ್ಷತ್ರದ ವೇಗ ಸಿಗದು. ಬೆಳಕು ಥಟ್ಟನೆ ಏರುವ ಹೊತ್ತನ್ನು ತಪ್ಪಿಸಿ, ಮಿಡಿತದ ನಡುಘಟ್ಟದಲ್ಲಿ ಅಳೆಯಿರಿ. ಒಂದು ಎಕ್ಸ್‌ಪೋಷರ್ ಅರ್ಧ ಗಂಟೆ ಮೀರದಿರಲಿ. ಅವಧಿ 0.55 ದಿನವಾದರೆ ಅಷ್ಟರಲ್ಲೇ ಮಿಡಿತ ನೂರಕ್ಕೆ ನಾಲ್ಕರಷ್ಟು ಸರಿದಿರುತ್ತದೆ. ಘಟ್ಟ ಲೆಕ್ಕ ಹಾಕುವಾಗ ಗೈಯಾದ ಸಮಯಕ್ಕೆ 24,55,197.5 ದಿನ ಕೂಡಿಸಿದರೆ ಮಾತ್ರ ಜೂಲಿಯನ್ ದಿನ ಬರುತ್ತದೆ. ಅವಧಿಯಲ್ಲಿ ದಿನದ ಲಕ್ಷದಲ್ಲೊಂದು ಭಾಗ ತಪ್ಪಿದ್ದರೂ ಐದು ವರ್ಷದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಿಡಿತಗಳಾಗಿ ಮುಕ್ಕಾಲು ಗಂಟೆಗೂ ಹೆಚ್ಚು ಆಚೀಚೆಯಾಗುತ್ತದೆ. ಆದ್ದರಿಂದ ಸಾಧ್ಯವಾದರೆ ಆ ರಾತ್ರಿಯ ಹತ್ತಿರದ ಯಾವುದಾದರೂ ಸಮೀಕ್ಷೆಯ ಅಳತೆಗಳಿಂದ ಶಿಖರದ ಹೊತ್ತನ್ನು ಮತ್ತೊಮ್ಮೆ ಹೊಂದಿಸಿಕೊಳ್ಳಿ.