ಹತ್ತು ನಿಮಿಷ ಓಡಿ ಸೊರಗುವ ಬೋಟ್ ಮೋಟರ್: ಕಾರ್ಬೊರೇಟರ್ ಬಿಚ್ಚುವ ಮುಂಚೆ ಟ್ಯಾಂಕ್ ನೋಡಿ

ಪ್ರಶ್ನೆ: ನನ್ನ ದೋಣಿಗೆ 40 ಎಚ್‌ಪಿ ಔಟ್‌ಬೋರ್ಡ್ ಮೋಟರ್ ಇದೆ. 2 ಸ್ಟ್ರೋಕ್, ಎರಡು ಸಿಲಿಂಡರ್. ಆಯಿಲನ್ನು ಪೆಟ್ರೋಲಿಗೇ ಬೆರೆಸಿ 25 ಲೀಟರಿನ ಬಿಡಿ ಟ್ಯಾಂಕಿಗೆ ಹಾಕುತ್ತೇನೆ. ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ. ನಿಧಾನಕ್ಕೆ ಎಷ್ಟು ಹೊತ್ತು ಬೇಕಾದರೂ ಓಡುತ್ತದೆ. ಫುಲ್ ಥ್ರಾಟಲ್ ಕೊಟ್ಟರೆ ಹತ್ತು ನಿಮಿಷ ಚೆನ್ನಾಗಿ ಎಳೆದು, ಆಮೇಲೆ ಪಿಕಪ್ ಬಿದ್ದುಹೋಗುತ್ತದೆ. ನಿಲ್ಲಿಸಿ ಐದು ನಿಮಿಷ ಬಿಟ್ಟರೆ ಮತ್ತೆ ಮೊದಲಿನ ಹಾಗೆ. ಪ್ಲಗ್ ಹೊಸದು. ಕಾರ್ಬೊರೇಟರ್ ಎರಡು ಸಲ ಬಿಚ್ಚಿ ತೊಳೆದಾಯಿತು. ಕಂಪ್ರೆಷನ್ ಎರಡೂ ಸಿಲಿಂಡರಿನಲ್ಲಿ ಸಮ ಇದೆ. ಇನ್ನೇನು ನೋಡಲಿ? ಅಲ್ಲಿಯವರೆಗೆ ಹೀಗೇ ಓಡಿಸಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಓಡಿಸಬೇಡಿ. ನಿಮ್ಮ ಇಂಜಿನ್‌ಗೆ ಆಯಿಲ್ ಬರುವುದೇ ಪೆಟ್ರೋಲಿನ ಜೊತೆ. ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆಯಾಗುತ್ತದೆ. ಅದರ ಮೇಲೆ ಪೆಟ್ರೋಲ್ ಸಾಲದ ಇಂಜಿನ್ ಜಾಸ್ತಿ ಬಿಸಿಯಾಗುತ್ತದೆ. ಸೊರಗುತ್ತಿರುವ 2 ಸ್ಟ್ರೋಕ್ ಮೋಟರಿಗೆ ಥ್ರಾಟಲ್ ಒತ್ತಿ ಹಿಡಿದರೆ ಪಿಸ್ಟನ್ ಸೀಜ್ ಆಗಬಹುದು, ಅಂದರೆ ಸಿಲಿಂಡರಿನೊಳಗೇ ಕಚ್ಚಿಕೊಂಡು ನಿಲ್ಲಬಹುದು. ಟ್ಯಾಂಕಿನಲ್ಲಿದ್ದ ಸಣ್ಣ ಕಸ ಇಂಜಿನ್ನನ್ನೇ ತಿಂದ ಹಾಗಾಗುತ್ತದೆ. ಪರೀಕ್ಷೆಗೆ ಮಾತ್ರ ಓಡಿಸಿ, ಅದೂ ದಡದ ಹತ್ತಿರ.

ಈಗ ದೋಷದ ವಿಷಯ. ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ಆ ಹತ್ತು ನಿಮಿಷ.

ಕಾರ್ಬೊರೇಟರಿನ ಮೇನ್ ಜೆಟ್ (ಜೋರಾಗಿ ಓಡುವಾಗ ಪೆಟ್ರೋಲ್ ಬರುವ ಸಣ್ಣ ತೂತು) ಕಟ್ಟಿಕೊಂಡಿದ್ದರೆ ಅದು ಹತ್ತು ನಿಮಿಷ ಕಾಯುವುದಿಲ್ಲ. ಥ್ರಾಟಲ್ ತೆರೆದ ಕೂಡಲೇ ಗೊತ್ತಾಗುತ್ತದೆ. ಸ್ವಲ್ಪ ಹೊತ್ತು ಸರಿಯಿದ್ದು, ಆಮೇಲೆ ಕೆಟ್ಟು, ಸುಮ್ನೆ ಬಿಟ್ಟರೆ ತಾನೇ ಸರಿಹೋಗುವ ತೊಂದರೆಗೆ ಸಾಮಾನ್ಯವಾಗಿ ಎರಡು ಕಾರಣ. ಒಂದೋ, ಪೆಟ್ರೋಲ್ ಖರ್ಚಾಗುವಷ್ಟು ಬೇಗ ಬಂದು ಸೇರುತ್ತಿಲ್ಲ. ಇಲ್ಲವೇ, ಯಾವುದೋ ಭಾಗ ಬಿಸಿಯಾಗಿ ಕೈಕೊಡುತ್ತಿದೆ. ನಾನು ಕಂಡ ಮಟ್ಟಿಗೆ ಮೊದಲನೆಯದೇ ಜಾಸ್ತಿ. 40 ಎಚ್‌ಪಿಯ 2 ಸ್ಟ್ರೋಕ್ ಮೋಟರ್ ಫುಲ್ ಥ್ರಾಟಲಿನಲ್ಲಿ ಗಂಟೆಗೆ ಸುಮಾರು 15ರಿಂದ 20 ಲೀಟರ್ ಕುಡಿಯುತ್ತದೆ. ನಿಧಾನಕ್ಕೆ ಓಡುವಾಗ ಅದರಲ್ಲಿ ಸಣ್ಣ ಪಾಲು ಸಾಕು. ಹಾಗಾಗಿ ನಿಧಾನಕ್ಕೆ ಚೆನ್ನಾಗಿ ಓಡುತ್ತದೆ ಅನ್ನುವುದರಿಂದ ಪೆಟ್ರೋಲ್ ಸರಿಯಾಗಿ ಬರುತ್ತಿದೆ ಅಂತ ಹೇಳಲಾಗದು.

ಇದನ್ನು ಖಚಿತ ಮಾಡಿಕೊಳ್ಳಲು ಸ್ಪ್ಯಾನರ್ ಕೂಡ ಬೇಡ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಒಬ್ಬರು ದೋಣಿ ನಡೆಸಲಿ, ಇನ್ನೊಬ್ಬರು ಪೈಪಿನಲ್ಲಿರುವ ಪ್ರೈಮರ್ ಬಲ್ಬ್ (ಅದುಮಿದರೆ ಪೆಟ್ರೋಲನ್ನು ಮುಂದೆ ತಳ್ಳುವ ರಬ್ಬರ್ ಉಂಡೆ) ಕೈಯಲ್ಲಿ ಹಿಡಿದು ಕೂರಲಿ. ಮೋಟರ್ ಸೊರಗತೊಡಗಿದ ಕ್ಷಣ ಬಲ್ಬನ್ನು ಬೇಗ ಬೇಗ ಅದುಮಬೇಕು. ಎರಡು ಮೂರು ಸಲ ಅದುಮಿದಾಗ ಮೋಟರ್ ಮತ್ತೆ ಎಳೆಯತೊಡಗಿದರೆ ತೊಂದರೆ ಪೆಟ್ರೋಲ್ ಬರುವ ದಾರಿಯಲ್ಲಿದೆ.

ಅದುಮುವ ಮೊದಲು ಬಲ್ಬ್ ಹೇಗಿತ್ತು ಅನ್ನುವುದನ್ನೂ ಗಮನಿಸಿ. ಓಡುವಾಗ ಅದು ಸ್ವಲ್ಪ ಮೆತ್ತಗಾಗುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ಆದರೆ ಒಳಕ್ಕೆ ಹೀರಿಕೊಂಡು ಚಪ್ಪಟೆಯಾಗಿದ್ದರೆ ಬಲ್ಬಿಗೂ ಟ್ಯಾಂಕಿಗೂ ನಡುವೆ, ಇಲ್ಲವೇ ಟ್ಯಾಂಕಿನಲ್ಲೇ, ಅಡ್ಡಿ ಇದೆ.

ಎಲ್ಲಕ್ಕಿಂತ ಮೊದಲು ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ಸ್ಕ್ರೂ ನೋಡಿ. ಸಾಗಿಸುವಾಗ ಚೆಲ್ಲದಿರಲಿ ಅಂತ ಬಿಗಿ ಮಾಡಿರುತ್ತೇವೆ, ತೆರೆಯುವುದು ಮರೆತುಹೋಗುತ್ತದೆ. ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಬಾರದಿದ್ದರೆ ಟ್ಯಾಂಕಿನೊಳಗೆ ನಿರ್ವಾತ ಏರುತ್ತಾ ಹೋಗುತ್ತದೆ, ಒಂದು ಹಂತದಲ್ಲಿ ಇಂಜಿನ್ನಿನ ಪೆಟ್ರೋಲ್ ಪಂಪಿಗೆ ಎಳೆಯಲು ಆಗುವುದಿಲ್ಲ. ಸ್ಕ್ರೂ ತೆರೆದಿದ್ದರೂ ಅದರ ತೂತಿನಲ್ಲಿ ಉಪ್ಪು, ಧೂಳು ಕಟ್ಟಿರಬಹುದು. ಸೊರಗಿದ ಕೂಡಲೇ ಮೋಟರ್ ನಿಲ್ಲಿಸಿ ಮುಚ್ಚಳವನ್ನೇ ಸಡಿಲ ಮಾಡಿ. ಸುಸ್ ಅಂತ ಗಾಳಿ ಒಳಗೆ ಹೋದ ಸದ್ದು ಕೇಳಿದರೆ ಕಾರಣ ಸಿಕ್ಕಿತು ಅಂತಲೇ ಲೆಕ್ಕ. ಪೆಟ್ರೋಲ್ ಆವಿ ಹೊರಬರುತ್ತದೆ, ಹತ್ತಿರ ಬೆಂಕಿ, ಬೀಡಿ, ಸಿಗರೇಟು ಇರಬಾರದು.

ಅಲ್ಲಿ ಎಲ್ಲ ಸರಿಯಿದ್ದರೆ ಟ್ಯಾಂಕಿನ ತಳ ನೋಡಿ. ಪೆಟ್ರೋಲ್ ಹೀರುವ ಕೊಳವೆಯ ತುದಿಯಲ್ಲಿ ಸಣ್ಣ ಜಾಲರಿ ಇರುತ್ತದೆ. ಒಮ್ಮೆ ನನ್ನದೇ ಮೋಟರ್ ನಿಮ್ಮದರ ಹಾಗೇ ಮಾಡುತ್ತಿತ್ತು. ಮೂರು ವಾರ ಕಾರಣ ಸಿಗಲಿಲ್ಲ. ಕೊನೆಗೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಒಳಗೆ ಟಾರ್ಚ್ ಬಿಟ್ಟಾಗ ತಳದಲ್ಲಿ ಏನೋ ಫಳಕ್ ಅಂತು. 2ಟಿ ಆಯಿಲ್ ಡಬ್ಬಿಯ ಬಾಯಿಗೆ ಅಂಟಿಸಿರುತ್ತಾರಲ್ಲ, ಬೆಳ್ಳಿ ಬಣ್ಣದ ತೆಳು ಹಾಳೆ, ಅದು. ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಜೋರಾಗಿ ಓಡುವಾಗ ಹೀರುವ ರಭಸಕ್ಕೆ ಎದ್ದು ಜಾಲರಿಗೆ ಅಂಟಿಕೊಳ್ಳುತ್ತಿತ್ತು. ಮೋಟರ್ ನಿಲ್ಲಿಸಿದರೆ ಕಳಚಿ ತಳಕ್ಕೆ ಬೀಳುತ್ತಿತ್ತು. ಕಾರ್ಬೊರೇಟರ್ ಎಷ್ಟು ತೊಳೆದರೆ ತಾನೆ ಏನು ಪ್ರಯೋಜನ? ಎಲೆಯ ಚೂರು, ಪ್ಲಾಸ್ಟಿಕ್ ತುಣುಕು, ಟ್ಯಾಂಕಿನ ಒಳಗಿನಿಂದ ಎದ್ದ ಪದರ, ಯಾವುದಾದರೂ ಇದೇ ಕೆಲಸ ಮಾಡುತ್ತದೆ.

ಆಮೇಲೆ ಪೈಪ್. ಹಳೆಯ ಪೈಪಿನ ಒಳಪದರ, ಮುಖ್ಯವಾಗಿ ಎಥೆನಾಲ್ ಬೆರೆತ ಪೆಟ್ರೋಲ್ ಹಾಕುವ ಕಡೆ, ಹಾವು ಪೊರೆ ಬಿಟ್ಟ ಹಾಗೆ ಬಿಟ್ಟುಕೊಳ್ಳುತ್ತದೆ. ಹೊರಗಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಜೋರಾಗಿ ಹೀರಿದಾಗ ಆ ಪದರ ಮಡಚಿ ದಾರಿ ಮುಚ್ಚುತ್ತದೆ. ಅನುಮಾನ ಬಂದರೆ ಬಲ್ಬ್ ಸಮೇತ ಪೈಪ್ ಬದಲಾಯಿಸಿ, ರಿಪೇರಿ ಮಾಡುವ ವಸ್ತು ಅದಲ್ಲ.

ಇದೆಲ್ಲ ಒಂದೊಂದಾಗಿ ನೋಡುವಷ್ಟು ತಾಳ್ಮೆ ಇಲ್ಲವಾ? ಸರಿಯಾಗಿ ಓಡುತ್ತಿರುವ ಇನ್ನೊಂದು ದೋಣಿಯ ಟ್ಯಾಂಕನ್ನು ಅದರದೇ ಪೈಪು, ಬಲ್ಬಿನ ಜೊತೆ ಎರವಲು ತನ್ನಿ. ಕನೆಕ್ಟರ್ ಕೂರುತ್ತದಾ, ಆಯಿಲ್ ನಿಮ್ಮ ಮೋಟರಿಗೆ ಬೇಕಾದ ಅಳತೆಯಲ್ಲೇ ಬೆರೆಸಿದೆಯಾ ಅಂತ ನೋಡಿ ಜೋಡಿಸಿ. ಇಪ್ಪತ್ತು ನಿಮಿಷ ಫುಲ್ ಥ್ರಾಟಲಿನಲ್ಲಿ ಸೊರಗದೆ ಓಡಿದರೆ ಇಂಜಿನ್ ಮುಟ್ಟುವುದೇ ಬೇಡ. ನಾನಾದರೆ ಕಾರ್ಬೊರೇಟರ್ ಮೊದಲ ಸಲ ಬಿಚ್ಚುವ ಮುಂಚೆಯೇ ಇದನ್ನು ಮಾಡುತ್ತಿದ್ದೆ.

ಆ ಟ್ಯಾಂಕಿನಲ್ಲೂ ಸೊರಗಿದರೆ ಇಂಜಿನ್ ಬದಿಯ ಫಿಲ್ಟರ್, ಆಮೇಲೆ ಪಂಪಿನ ಡಯಾಫ್ರಮ್ ನೋಡಿ. ಅದು ತೆಳುವಾದ ಪೊರೆ, ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ತೂತೂ ಕಾಣುತ್ತದೆ. ಬಲ್ಬ್ ಅದುಮಿದರೂ ಮೋಟರ್ ಚೇತರಿಸಿಕೊಳ್ಳದಿದ್ದರೆ, ಮೆಲ್ಲಗೆ ಸೊರಗದೆ ತಟ್ಟನೆ ಒಂದು ಸಿಲಿಂಡರ್ ಬಿಟ್ಟ ಹಾಗಾದರೆ, ಆಗ ಪ್ಲಗ್ಗಿಗೆ ಸ್ಪಾರ್ಕ್ ಕೊಡುವ ಕಾಯಿಲ್ ಮೇಲೆ ಅನುಮಾನ ಪಡಬೇಕು. ಸ್ಪಾರ್ಕನ್ನು ಮೋಟರ್ ಬಿಸಿಯಾಗಿ ಕೈಕೊಟ್ಟ ಹೊತ್ತಲ್ಲೇ ಟೆಸ್ಟರ್ ಹಾಕಿ ನೋಡಿ. ತಣ್ಣಗಿದ್ದಾಗ ಅದು ಚೆನ್ನಾಗಿಯೇ ಕಾಣುತ್ತದೆ.

ಪ್ರಶ್ನೆ: ನನ್ನದು 60 ಎಚ್‌ಪಿ 4 ಸ್ಟ್ರೋಕ್. ಥ್ರಾಟಲ್ ಏರಿಸಿದರೆ ಇಂಜಿನ್ ಕಿರುಚುತ್ತದೆ, ಮೀಟರಿನ ಮುಳ್ಳು ಮೇಲಕ್ಕೆ ಹಾರುತ್ತದೆ. ದೋಣಿ ಮಾತ್ರ ಮುಂದೆ ಹೋಗುವುದಿಲ್ಲ. ಪವರ್ ಕಡಿಮೆಯಾಗಿದೆಯಾ?

ಉತ್ತರ: ಇಲ್ಲ. ಆರ್‌ಪಿಎಂ ಏರುತ್ತಿದೆ ಅಂದರೆ ಇಂಜಿನ್ ಆರೋಗ್ಯವಾಗಿದೆ. ಅದರ ಬಲ ನೀರಿಗೆ ತಲುಪುತ್ತಿಲ್ಲ, ಅಷ್ಟೇ. ಪ್ರೊಪೆಲ್ಲರಿನ ನಡುವೆ ರಬ್ಬರಿನ ಹಬ್ ಇರುತ್ತದೆ. ರೆಕ್ಕೆ ಕಲ್ಲಿಗೋ ಮರದ ದಿಮ್ಮಿಗೋ ಬಡಿದರೆ ಗೇರಿಗೆ ಪೆಟ್ಟಾಗದಿರಲಿ ಅಂತ ಅದು ಜಾರುತ್ತದೆ. ಒಮ್ಮೆ ಜಾರಿ ಸವೆದ ಮೇಲೆ ಭಾರ ಬಿದ್ದಾಗೆಲ್ಲ ಜಾರುತ್ತದೆ.

ಪರೀಕ್ಷೆ ಸುಲಭ. ಇಂಜಿನ್ ನಿಲ್ಲಿಸಿ, ಕಿಲ್ ಸ್ವಿಚ್ಚಿನ (ಇಂಜಿನ್ ತಟ್ಟನೆ ನಿಲ್ಲಿಸುವ ಸ್ವಿಚ್) ದಾರ ತೆಗೆದು, ಕೀ ಜೇಬಿಗೆ ಹಾಕಿಕೊಳ್ಳಿ. ಪ್ರೊಪೆಲ್ಲರಿನ ಹಿಂಬದಿಯಲ್ಲಿ ಒಳಗಿನ ಲೋಹದ ಕೊಳವೆಯಿಂದ ಹೊರಗಿನ ಭಾಗದವರೆಗೆ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆಯಿರಿ. ಒಣಗಿದ ಮೇಲೆ ಒಂದು ಸುತ್ತು ಜೋರಾಗಿ ಓಡಿಸಿ ಬನ್ನಿ. ಗೆರೆ ಎರಡು ತುಂಡಾಗಿ ಬೇರೆ ಬೇರೆ ಕಡೆ ನಿಂತಿದ್ದರೆ ಹಬ್ ಹೋಗಿದೆ. ಅಂಥ ಪ್ರೊಪೆಲ್ಲರಿನಲ್ಲೂ ನಿಧಾನಕ್ಕೆ ಬಂದರೆ ದಡ ಸೇರಬಹುದು.

ಗೆರೆ ಅಲುಗಿಲ್ಲವಾ? ಹಾಗಾದರೆ ಪ್ರೊಪೆಲ್ಲರ್ ನೀರಿನ ಬದಲು ಗಾಳಿ ಕಡೆಯುತ್ತಿರಬಹುದು. ಮೋಟರನ್ನು ತೀರಾ ಮೇಲೆ ಕೂರಿಸಿದ್ದರೆ, ಟ್ರಿಮ್ (ಮೋಟರಿನ ಓರೆ) ಜಾಸ್ತಿ ಎತ್ತಿದ್ದರೆ, ರೆಕ್ಕೆಗೆ ಕಳೆ ಸುತ್ತಿದ್ದರೆ ಹೀಗಾಗುತ್ತದೆ. ಪ್ರೊಪೆಲ್ಲರ್ ಬಿಚ್ಚಿದಾಗ ಶಾಫ್ಟಿಗೆ ಗಾಳದ ದಾರ ಸುತ್ತಿದೆಯಾ ಅಂತಲೂ ನೋಡಿ. ಅದು ಆಯಿಲ್ ಸೀಲನ್ನು ಕೊಯ್ದು ಗೇರ್ ಆಯಿಲಿಗೆ ನೀರು ಬಿಡುತ್ತದೆ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಬದಲಾಯಿಸದೆ ದೋಣಿ ಇಳಿಸಬೇಡಿ.

ಪ್ರಶ್ನೆ: ಓಡುತ್ತಿದ್ದಾಗ ಬೀಪ್ ಸದ್ದು ಬಂದು ಮೋಟರ್ ತಾನೇ ನಿಧಾನವಾಗುತ್ತದೆ. ಆಮೇಲೆ ಎಷ್ಟು ಥ್ರಾಟಲ್ ಕೊಟ್ಟರೂ ಏರುವುದಿಲ್ಲ. ಇಂಜಿನ್ ತಣ್ಣಗಾಗಿಸಿ ಪಕ್ಕದಿಂದ ಚಿಮ್ಮುವ ನೀರು ಸಣ್ಣಗಾಗಿದೆ. ಸೆನ್ಸರ್ ವೈರ್ ಕಿತ್ತುಬಿಡು ಅಂತ ಒಬ್ಬರು ಹೇಳಿದರು.

ಉತ್ತರ: ದಯವಿಟ್ಟು ಕೀಳಬೇಡಿ. ಬಿಸಿ ಮಿತಿಮೀರಿದರೆ, ಇಲ್ಲವೇ ಆಯಿಲ್ ಕಡಿಮೆಯಾದರೆ ಇಂಜಿನ್ ತನ್ನನ್ನು ಉಳಿಸಿಕೊಳ್ಳಲು ಹೀಗೆ ಮಾಡುತ್ತದೆ. ಮೊದಲು ಆಯಿಲ್ ಮಟ್ಟ ನೋಡಿ. ಆಮೇಲೆ ನೀರು ಚಿಮ್ಮುವ ತೂತಿಗೆ ದಪ್ಪ ಗಾಳದ ದಾರ ತೂರಿಸಿ. ಕೆಲವೊಮ್ಮೆ ಮರಳು ಕಟ್ಟಿಕೊಂಡು ಅಲ್ಲಿ ಮಾತ್ರ ಸಣ್ಣಗೆ ಬರುತ್ತಿರುತ್ತದೆ. ಕೆಳಗೆ ನೀರು ಹೀರುವ ಜಾಲರಿಗೆ ಪ್ಲಾಸ್ಟಿಕ್ ಚೀಲ ಅಂಟಿದೆಯಾ ನೋಡಿ.

ಅಲ್ಲೆಲ್ಲ ಸರಿಯಿದ್ದರೆ ವಾಟರ್ ಪಂಪಿನ ಇಂಪೆಲ್ಲರ್ (ತಿರುಗಿ ನೀರನ್ನು ಮೇಲೆ ತಳ್ಳುವ ಎಸಳಿನ ಚಕ್ರ) ತೆಗೆಸಿ. ಅದು ರಬ್ಬರಿನದು, ನೀರಿಲ್ಲದೆ ಸ್ವಲ್ಪ ಹೊತ್ತು ತಿರುಗಿದರೂ ಸುಡುತ್ತದೆ. ಎಸಳು ಮುರಿದಿದ್ದರೆ ಹೊಸದು ಹಾಕಿ ಮುಚ್ಚಿಬಿಡಬೇಡಿ. ಹಳೆಯದರ ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿ ನೋಡಿ. ಒಂದು ತುಂಡು ಕಡಿಮೆ ಬಂದರೂ ಅದು ಮೇಲೆ ನೀರಿನ ದಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡಿರುತ್ತದೆ, ಅದನ್ನು ಹುಡುಕಿ ತೆಗೆದ ಮೇಲೆಯೇ ಪಂಪ್ ಜೋಡಿಸಿ.